ರುಜು ಹಾಕುವ ಮುಂಚೆ, ವಿಮಾನ ಹತ್ತುವ ಮುಂಚೆ

ಪರದೇಶದ ಕೆಲಸದಲ್ಲಿ ಸಂಬಳ, ಪಾಸ್‌ಪೋರ್ಟ್, ಬಾಕಿ ಲೆಕ್ಕದ ತಕರಾರು ಎದ್ದಾಗ ಏನು ಮಾಡಬೇಕೆಂದು ಕೇಳಿ ಮಂಡ್ಯ, ಮೈಸೂರು ಕಡೆಯಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ದುಬೈನಲ್ಲಿ ಎ.ಸಿ. ಮೆಕ್ಯಾನಿಕ್. ಒಂದೇ ಕಂಪನಿಯಲ್ಲಿ ಆರು ವರ್ಷ ಆಯಿತು. ಮೂರು ತಿಂಗಳಿಂದ ಸಂಬಳ ಇಲ್ಲ. ಈಗ ‘ಕೆಲಸ ಇಲ್ಲ, ಊರಿಗೆ ಹೋಗು, ಟಿಕೆಟ್ ಕೊಡ್ತೀವಿ, ಈ ಕಾಗದಕ್ಕೆ ಸಹಿ ಹಾಕು, ದುಡ್ಡು ಆಮೇಲೆ ಬ್ಯಾಂಕಿಗೆ ಬರುತ್ತೆ’ ಅಂತಿದ್ದಾರಂತೆ. ಸಂಬಳ 2,000 ದಿರ್ಹಂ, ಅದರಲ್ಲಿ ಬೇಸಿಕ್ 1,200. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಬಂದುಬಿಡಿ ಅನ್ನಲೇ?
— ಮದ್ದೂರಿನ ಓದುಗರು

ಉತ್ತರ: ಬೇಡ ತಾಯಿ. ಸಹಿಯೂ ಬೇಡ, ಸದ್ಯಕ್ಕೆ ಟಿಕೆಟ್ಟೂ ಬೇಡ. ಆ ಕಾಗದದ ಫೋಟೊ ತೆಗೆದು ನಿಮಗೆ ಕಳಿಸಲು ಹೇಳಿ. ಇಂಥ ಕಾಗದದಲ್ಲಿ ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಅರೇಬಿಕ್ ಇರುತ್ತದೆ. ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರು. ಕೆಳಗೆ ಒಂದು ಸಾಲು: ‘ಸಂಬಳ, ಗ್ರಾಚ್ಯುಯಿಟಿ, ರಜೆಯ ಹಣ ಎಲ್ಲವೂ ಸಂದಿದೆ, ನನಗೆ ಇನ್ನೇನೂ ಬರಬೇಕಾಗಿಲ್ಲ.’ ಅದರ ಕೆಳಗೆ ರುಜು ಬಿತ್ತೆಂದರೆ, ನಾಳೆ ಬ್ಯಾಂಕಿಗೆ ಒಂದು ಫಿಲ್ಸ್ ಬರದಿದ್ದರೂ ಆ ಕಾಗದವೇ ಅವರ ಪರ ಸಾಕ್ಷಿ ಹೇಳುತ್ತದೆ. ಲೇಬರ್ ಕಾರ್ಡ್ ರದ್ದು ಮಾಡುವ ಅರ್ಜಿಯಲ್ಲೂ ಇಂಥದೇ ಸಾಲು ಸೇರಿರುತ್ತದೆ. ದುಡ್ಡು ಖಾತೆಗೆ ಬಿದ್ದ ಮೇಲೆಯೇ ರುಜು. ಅರ್ಧ ಕೊಟ್ಟರೆ, ಎಷ್ಟು ಬಂತೋ ಅಷ್ಟನ್ನೇ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ‘ಉಳಿದದ್ದು ಬಾಕಿ ಇದೆ’ ಎಂದು ಸೇರಿಸಿ, ಆಮೇಲೆ ರುಜು ಮಾಡಿ ಫೋಟೊ ಇಟ್ಟುಕೊಳ್ಳಲಿ.

ಈಗ ಲೆಕ್ಕಕ್ಕೆ ಬರೋಣ. ದೂರು ಕೊಡುವವರು ಬಹಳ ಸಲ ‘ಮೂರು ತಿಂಗಳ ಸಂಬಳ ಬಾಕಿ’ ಎಂದಷ್ಟೇ ಬರೆದು ಮಿಕ್ಕಿದ್ದನ್ನು ಮರೆಯುತ್ತಾರೆ. ನಿಮ್ಮ ಯಜಮಾನರಿಗೆ ಬರಬೇಕಾದ್ದು ಅದೊಂದೇ ಅಲ್ಲ. ಸಂಬಳ 2,000ದಂತೆ ಮೂರು ತಿಂಗಳಿಗೆ 6,000. ಗ್ರಾಚ್ಯುಯಿಟಿಯನ್ನು ಬೇಸಿಕ್ ಮೇಲೆ ಕಟ್ಟುತ್ತಾರೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲೆ ವರ್ಷಕ್ಕೆ 30 ದಿನ. ಅಂದರೆ 105 ದಿನಕ್ಕೆ 30 ಸೇರಿ 135 ದಿನ. ಬೇಸಿಕ್ 1,200ನ್ನು 30ರಿಂದ ಭಾಗಿಸಿದರೆ ದಿನಕ್ಕೆ 40, ಒಟ್ಟು 5,400 ದಿರ್ಹಂ. ತೆಗೆದುಕೊಳ್ಳದ ರಜೆ 40 ದಿನ ಉಳಿದಿದೆ ಎಂದಿಟ್ಟುಕೊಂಡರೆ ಅದಕ್ಕೆ 1,600. ಕಂಪನಿಯೇ ತೆಗೆದುಹಾಕುವಾಗ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು, ಕೊಡದಿದ್ದರೆ ಆ ತಿಂಗಳ 2,000. ಕೂಡಿಸಿದರೆ 15,000. ಟಿಕೆಟ್ ಇದರ ಮೇಲೆ. ಬೇರೆ ಕಂಪನಿಗೆ ಸೇರದೆ ಊರಿಗೆ ಬರುವವರನ್ನು ವಾಪಸು ಕಳಿಸುವ ಖರ್ಚು ಕಂಪನಿಯದೇ, ಅದನ್ನು ಉಪಕಾರ ಎಂಬಂತೆ ಮುಂದಿಡುತ್ತಿದ್ದಾರೆ. ಈ ಬಾಕಿಯನ್ನೆಲ್ಲ ಕೆಲಸ ಮುಗಿದ 14 ದಿನದೊಳಗೆ ಕೊಡಬೇಕೆಂದು ಅಲ್ಲಿಯ 2021ರ ಕಾರ್ಮಿಕ ಕಾನೂನು ಹೇಳುತ್ತದೆ.

ಒಂದು ಎಚ್ಚರಿಕೆ. ಬೇಸಿಕ್ ಎಷ್ಟು ಎಂಬುದಕ್ಕೆ ಇಲ್ಲಿ ಏಜೆಂಟ್ ಕೊಟ್ಟ ಆಫರ್ ಲೆಟರ್ ನಡೆಯುವುದಿಲ್ಲ. ಅಲ್ಲಿಯ ಮಾನವ ಸಂಪನ್ಮೂಲ ಸಚಿವಾಲಯದಲ್ಲಿ, ಎಲ್ಲರೂ ‘ಮೊಹ್ರೆ’ ಎನ್ನುವ ಇಲಾಖೆಯಲ್ಲಿ, ನೋಂದಾದ ಕರಾರಿನ ಅಂಕಿಯೇ ಲೆಕ್ಕ. ಅದರ ಪ್ರತಿಯನ್ನು ಮೊಹ್ರೆ ಆ್ಯಪಿನಿಂದ ಇವತ್ತೇ ಇಳಿಸಿಕೊಳ್ಳಲಿ.

ದೂರನ್ನು ಅದೇ ಆ್ಯಪಿನಲ್ಲಿ ಕೊಡಬಹುದು, ಇಲ್ಲವೇ 80084ಕ್ಕೆ ಫೋನ್ ಮಾಡಬಹುದು. ಎಮಿರೇಟ್ಸ್ ಐ.ಡಿ., ಲೇಬರ್ ಕಾರ್ಡ್ ನಂಬರು, ಚಾಲ್ತಿಯಲ್ಲಿರುವ ಅಲ್ಲಿಯ ಮೊಬೈಲ್ ಬೇಕು. ಮೇಲೆ ಹೇಳಿದ ಒಂದೊಂದು ಬಾಬನ್ನೂ ಮೊತ್ತದ ಸಮೇತ ಬೇರೆಬೇರೆಯಾಗಿ ಬರೆಯಲಿ. ಇಲಾಖೆ ಮೊದಲು 14 ದಿನದೊಳಗೆ ರಾಜಿ ಮಾಡಿಸಲು ನೋಡುತ್ತದೆ. ಆಗದಿದ್ದರೆ, 50,000 ದಿರ್ಹಂವರೆಗಿನ ತಕರಾರನ್ನು 2024ರ ಜನವರಿಯಿಂದ ಇಲಾಖೆಯೇ ತೀರ್ಮಾನಿಸುತ್ತದೆ. ಆ ತೀರ್ಪಿಗೆ ಕೋರ್ಟಿನ ಆದೇಶದಷ್ಟೇ ಬಲವಿದೆ. ಒಪ್ಪದವರು 15 ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋಗಬೇಕು. ನಿಮ್ಮದು 15,000ದ ವಿಷಯ, ಇಲಾಖೆಯಲ್ಲೇ ಮುಗಿಯುವಂಥದ್ದು. ಕಂಪನಿ ಫ್ರೀ ಝೋನಿನಲ್ಲಿ, ಅಂದರೆ ತನ್ನದೇ ಆಡಳಿತವಿರುವ ವಿಶೇಷ ವ್ಯಾಪಾರ ವಲಯದಲ್ಲಿ, ಇದ್ದರೆ ಮಾತ್ರ ಮೊದಲು ಆ ಝೋನಿನ ಆಡಳಿತ ಕಚೇರಿಗೆ ಹೋಗಬೇಕು.

ಇನ್ನೊಂದು ತಪ್ಪು, ಇದರಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಸಂಬಳ ಕೊಡಲಿಲ್ಲವೆಂಬ ಸಿಟ್ಟಿಗೆ ಹೇಳದೆ ಕೇಳದೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿಬಿಡುವುದು. ಸತತ ಏಳು ದಿನಕ್ಕಿಂತ ಹೆಚ್ಚು ಸುದ್ದಿಯಿಲ್ಲದೆ ಗೈರಾದರೆ ‘ಕೆಲಸ ಬಿಟ್ಟು ಓಡಿಹೋದ’ ಎಂದು ಕಂಪನಿ ವರದಿ ಹಾಕಬಹುದು. ಆಮೇಲೆ ನ್ಯಾಯ ಕೇಳಲು ಹೋದವರೇ ಜವಾಬು ಕೊಡುತ್ತ ನಿಲ್ಲಬೇಕು. ದೂರು ದಾಖಲಾಗುವವರೆಗೆ ದಿನಾ ಸೈಟಿಗೆ ಹೋಗಲಿ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ನಿಂತು ಫೋಟೊ ತೆಗೆದು, ‘ಕೆಲಸಕ್ಕೆ ಬಂದಿದ್ದೇನೆ, ಬಿಡುತ್ತಿಲ್ಲ’ ಎಂದು ಮ್ಯಾನೇಜರಿಗೆ ವಾಟ್ಸ್‌ಆ್ಯಪ್ ಮಾಡಲಿ.

ವಾಟ್ಸ್‌ಆ್ಯಪ್ ಮಾತುಕತೆ ಪುರಾವೆಯಾಗಬೇಕಾದರೆ ಬರೀ ಸ್ಕ್ರೀನ್‌ಶಾಟ್ ಸಾಲದು. ‘ಬಾಸ್’ ಎಂದು ಸೇವ್ ಆಗಿರುವ ಹೆಸರು ಯಾರದೆಂದು ಯಾರಿಗೆ ಗೊತ್ತು? ಆ ಹೆಸರನ್ನು ಒತ್ತಿ, ನಂಬರು ಕಾಣುವ ಪುಟದ ಚಿತ್ರವನ್ನೂ ತೆಗೆಯಲಿ. ಪೂರ್ತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೊಂದು ಪ್ರತಿ ಕಳಿಸಲಿ. ಕಂಪನಿ ಸಿಮ್ ಕಿತ್ತುಕೊಂಡರೂ ಅದು ಮದ್ದೂರಿನಲ್ಲಿ ಉಳಿದಿರುತ್ತದೆ. ಸಂಬಳ ಬೀಳುವ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಲಿ. ಯಾವ ತಿಂಗಳು ಸಂಬಳ ನಿಂತಿತೆಂದು ಅದು ತಾನೇ ಹೇಳುತ್ತದೆ.

ಭಾಷೆ ತೊಡಕಾದರೆ ದುಬೈನ ಭಾರತೀಯ ಕಾನ್ಸುಲೇಟಿನ ಸಹಾಯ ಕೇಂದ್ರಕ್ಕೆ 800 46342ರಲ್ಲಿ ಉಚಿತವಾಗಿ ಫೋನ್ ಮಾಡಬಹುದು. ಮನೆಗೆ ಬರುವ ಸಾಲದವರಿಗೆ ದೂರಿನ ನಂಬರು ತೋರಿಸಿ ಎರಡು ತಿಂಗಳ ವಾಯಿದೆ ಕೇಳಿ. ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ, ಆದರೆ ಈ ಎರಡು ತಿಂಗಳಿಗೆ ಹೆದರಿ ಆರು ವರ್ಷದ ದುಡಿಮೆ ಬಿಟ್ಟುಕೊಡಬೇಡಿ.

ಪ್ರಶ್ನೆ: ನನ್ನ ತಂಗಿಗೆ 27 ವರ್ಷ, ಓದಿದ್ದು ಎಂಟನೇ ತರಗತಿ. ಮೈಸೂರಿನ ಒಬ್ಬ ಏಜೆಂಟ್ 1 ಲಕ್ಷ 20 ಸಾವಿರ ತೆಗೆದುಕೊಂಡು, ವಿಸಿಟ್ ವೀಸಾದಲ್ಲಿ ದುಬೈಗೆ ಕರೆದೊಯ್ದು ಅಲ್ಲಿಂದ ಕುವೈತಿನ ಒಂದು ಮನೆಗೆಲಸಕ್ಕೆ ಬಿಟ್ಟಿದ್ದಾನೆ. ಪಾಸ್‌ಪೋರ್ಟ್ ಮನೆಯವರ ಹತ್ತಿರ. ಬೆಳಗ್ಗೆ ಐದರಿಂದ ರಾತ್ರಿ ಹನ್ನೆರಡರವರೆಗೆ ಕೆಲಸವಂತೆ. ವಾರಕ್ಕೊಮ್ಮೆ ಬೇರೆಯವರ ಫೋನಿನಿಂದ ಅಳುತ್ತಾಳೆ. ನಾವೇ ತಪ್ಪು ದಾರಿಯಲ್ಲಿ ಕಳಿಸಿದ್ದೇವೆಂದು ದೂರು ಕೊಡಲು ಹೆದರಿಕೆ.
— ತಿ. ನರಸೀಪುರದ ಓದುಗರು

ಉತ್ತರ: ಹೆದರಬೇಡಿ. ದಾರಿ ತಪ್ಪಿಸಿದವನು ಏಜೆಂಟ್. ಹತ್ತನೇ ತರಗತಿ ಪಾಸಾಗದವರು ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಹೆಣ್ಣುಮಕ್ಕಳಾದರೆ ಮೂವತ್ತು ತುಂಬದೆ ಮನೆಗೆಲಸಕ್ಕೆ ಆ ಅನುಮತಿ ಸಿಗುವುದಿಲ್ಲ. ಅದನ್ನು ತಪ್ಪಿಸಲೆಂದೇ ಅವನು ವಿಸಿಟ್ ವೀಸಾದ ಸುತ್ತುದಾರಿ ಹಿಡಿದದ್ದು. ಲೈಸೆನ್ಸ್ ಇರುವ ಏಜೆಂಟರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ.

ಮೊದಲು ತಂಗಿಯ ಕ್ಷೇಮ. ಕುವೈತಿನ ಮನೆಗೆಲಸದವರಿಗೆಂದೇ 2015ರ 68ನೇ ಕಾನೂನಿದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಬೇಕು, ಯಜಮಾನರು ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವಂತಿಲ್ಲ. ಮುಂದಿನ ಸಲ ಫೋನ್ ಬಂದಾಗ ಅಳಲು ಬಿಡದೆ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಮನೆ ಇರುವ ಬಡಾವಣೆಯ ಹೆಸರು, ಬ್ಲಾಕ್ ಮತ್ತು ಬೀದಿಯ ನಂಬರು, ಮನೆಯ ಯಜಮಾನನ ಹೆಸರು, ಫೋನು, ಅವಳ ಸಿವಿಲ್ ಐ.ಡಿ. (ಕುವೈತಿನ ಗುರುತಿನ ಚೀಟಿ) ನಂಬರು. ಫೋನಿನ ಲೊಕೇಶನ್ ಕಳಿಸಲು ಆದರೆ ಇನ್ನೂ ಒಳ್ಳೆಯದು. ಹೊಡೆತ ಬಡಿತ ಇದ್ದರೆ ಅಲ್ಲಿಯ ಪೊಲೀಸ್ ನಂಬರು 112. ಮನೆಯಿಂದ ಹೊರಬರುವ ಸ್ಥಿತಿ ಬಂದರೆ ನೇರವಾಗಿ ಭಾರತೀಯ ರಾಯಭಾರ ಕಚೇರಿಗೇ ಹೋಗಬೇಕು, ಅಲ್ಲಿ ಆಶ್ರಯ ಸಿಗುತ್ತದೆ. ‘ಬೇರೆ ಮನೆ ಕೊಡಿಸುತ್ತೇನೆ’ ಎನ್ನುವವರ ಹಿಂದೆ ಹೋದರೆ ಓಡಿಹೋದ ಕೇಸು ಬೀಳುತ್ತದೆ, ಎರಡನೇ ಮನೆಯ ಸಂಬಳಕ್ಕೆ ಯಾವ ಕಾಗದವೂ ಇರುವುದಿಲ್ಲ.

ಇಲ್ಲಿಂದ ನೀವು ಮಾಡಬೇಕಾದ್ದು ಎರಡು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ತಂಗಿಯ ಹೆಸರಿನಲ್ಲಿ ನೀವೇ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ನಂಬರು ಬೇಕು. ನಕಲು ಇಲ್ಲದಿದ್ದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ದಿನದ ರಸೀದಿ ಹುಡುಕಿ, ಅದರಲ್ಲಿ ಫೈಲ್ ನಂಬರು ಇರುತ್ತದೆ. ಎರಡನೆಯದು ಏಜೆಂಟನ ಮೇಲೆ ಪೊಲೀಸ್ ದೂರು. 1983ರ ವಲಸೆ ಕಾಯ್ದೆ ಕೇಸಿಗೆ ಕೇಂದ್ರದ ಅನುಮತಿ ಬೇಕೆಂದು ಠಾಣೆಯಲ್ಲಿ ವಾಪಸು ಕಳಿಸಿದರೆ, ಅದೇ ಕಾಯ್ದೆಯ 27ನೇ ಸೆಕ್ಷನ್ ತೋರಿಸಿ: ಹೋದವರು ಅಥವಾ ಅವರ ತಂದೆ, ತಾಯಿ, ಗಂಡ, ಅಣ್ಣತಮ್ಮ, ಅಕ್ಕತಂಗಿಯರೇ ದೂರು ಕೊಟ್ಟರೆ ಅನುಮತಿ ಬೇಕಿಲ್ಲ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನೂ ಇದೆ. ದುಡ್ಡು ಕೊಟ್ಟ ಫೋನ್‌ಪೇ ರಸೀದಿ, ಟಿಕೆಟ್ಟಿನ ನಕಲು, ಅವನ ವಿಸಿಟಿಂಗ್ ಕಾರ್ಡ್ ಜೊತೆಗಿರಲಿ. ದೂರಿನ ಒಂದು ಪ್ರತಿ ಬೆಂಗಳೂರಿನ ವಲಸಿಗರ ರಕ್ಷಣಾಧಿಕಾರಿ ಕಚೇರಿಗೂ ಹೋಗಲಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ: ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

‘ದೂರು ವಾಪಸು ತಗೊಳ್ಳಿ, ನಾಳೆಯೇ ಕರೆಸುತ್ತೇನೆ’ ಎಂದು ಏಜೆಂಟ್ ಬಂದೇ ಬರುತ್ತಾನೆ. ತಂಗಿ ಮನೆಯ ಹೊಸ್ತಿಲು ತುಳಿಯುವವರೆಗೆ ಆ ಮಾತಿಗೆ ಒಪ್ಪಬೇಡಿ.

ಪ್ರಶ್ನೆ: ಮಗ ಎಚ್-1ಬಿ ವೀಸಾದಲ್ಲಿ ಅಮೆರಿಕದ ಕನ್ಸಲ್ಟೆನ್ಸಿಯೊಂದರಲ್ಲಿದ್ದಾನೆ. ಪ್ರಾಜೆಕ್ಟ್ ಇಲ್ಲವೆಂದು ನಾಲ್ಕು ತಿಂಗಳಿಂದ ಸಂಬಳವಿಲ್ಲದೆ ಕೂರಿಸಿದ್ದಾರೆ. ಬಿಟ್ಟು ಹೋದರೆ ಬಾಂಡ್ ಹಣ ಕಟ್ಟು ಎನ್ನುತ್ತಾರೆ.
— ಮೈಸೂರು ಕುವೆಂಪುನಗರದ ಓದುಗರು

ಉತ್ತರ: ಹಾಗೆ ಕೂರಿಸುವುದೇ ಕಾನೂನುಬಾಹಿರ. ಕೆಲಸ ಕೊಡಲಾಗದ್ದು ಕಂಪನಿಯ ತೊಂದರೆ. ವೀಸಾಕ್ಕಾಗಿ ಕಾರ್ಮಿಕ ಇಲಾಖೆಗೆ ತಾನೇ ಬರೆದುಕೊಟ್ಟ ಸಂಬಳವನ್ನು ಆ ದಿನಗಳಿಗೂ ಕೊಡಬೇಕು. ಮಗ ಆ ಇಲಾಖೆಯ ವೇಜ್ ಆ್ಯಂಡ್ ಅವರ್ ವಿಭಾಗಕ್ಕೆ ಡಬ್ಲ್ಯೂಎಚ್-4 ಎಂಬ ಫಾರಂ ಸಲ್ಲಿಸಲಿ. ಖರ್ಚಿಲ್ಲ, ವಕೀಲರು ಕಡ್ಡಾಯವಲ್ಲ, ಆದರೆ ತಪ್ಪು ನಡೆದ 12 ತಿಂಗಳೊಳಗೆ ಕೊಡಬೇಕು. ಸಂಬಳದ ಚೀಟಿ ಇಲ್ಲದ ತಿಂಗಳುಗಳು ಮುಂದೆ ಬೇರೆ ಕಂಪನಿಗೆ ಬದಲಾಗುವಾಗ ಪ್ರಶ್ನೆಯಾಗುತ್ತವೆ. ಆಗ ಈ ದೂರಿನ ಪ್ರತಿಯೇ ಉತ್ತರ.

ವೀಸಾ ಅರ್ಜಿಯ ಶುಲ್ಕವನ್ನು ಅವನಿಂದ ವಸೂಲಿ ಮಾಡುವಂತಿಲ್ಲ, ಬೇಗ ಬಿಟ್ಟದ್ದಕ್ಕೆ ದಂಡವನ್ನೂ ಹಾಕುವಂತಿಲ್ಲ. ನಿಜವಾದ ನಷ್ಟಕ್ಕೆ ಮೊದಲೇ ಒಪ್ಪಿಕೊಂಡ ಪರಿಹಾರವಾದರೆ ಆಯಾ ರಾಜ್ಯದ ಕಾನೂನು ನೋಡಬೇಕು, ಅದಕ್ಕೆ ಬಾಂಡನ್ನು ಅಲ್ಲಿಯ ವಕೀಲರಿಗೆ ಒಮ್ಮೆ ತೋರಿಸಲಿ. ಕೆಲಸ ಹೋಯಿತೆಂದರೆ ಉಳಿಯಲು ಹೆಚ್ಚೆಂದರೆ 60 ದಿನ, ಐ-94ರ (ಎಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದೆಂದು ತಿಳಿಸುವ ದಾಖಲೆ) ಗಡುವು ಅದಕ್ಕಿಂತ ಮುಂಚೆ ಮುಗಿದರೆ ಅಲ್ಲಿಯವರೆಗೆ ಮಾತ್ರ. ಆದ್ದರಿಂದ ಹೊಸ ಕೆಲಸವನ್ನು ಹುಡುಕಿಟ್ಟುಕೊಂಡೇ ಬಿಡಲಿ. ಅವಧಿಗೆ ಮುಂಚೆ ಕಂಪನಿಯೇ ತೆಗೆದರೆ ಊರಿಗೆ ಮರಳುವ ಟಿಕೆಟ್ ಖರ್ಚು ಅವರದು.

ಪ್ರಶ್ನೆ: ಸೌದಿಯಲ್ಲಿ ಏಳು ವರ್ಷ ಡ್ರೈವರ್ ಆಗಿದ್ದೆ, ಕಂಪನಿಯ ಬಸ್. ಸಂಬಳ 1,800 ರಿಯಾಲ್. ರಾಜೀನಾಮೆ ಕೊಟ್ಟು ಊರಿಗೆ ಬಂದು ಎಂಟು ತಿಂಗಳಾಯಿತು, ಸರ್ವಿಸ್ ಹಣ ಕೊಟ್ಟಿಲ್ಲ. ಈಗ ಕೇಳಬಹುದೇ?
— ಪಾಂಡವಪುರದ ಓದುಗರು

ಉತ್ತರ: ಕೇಳಬಹುದು, ಆದರೆ ನಿಮಗೆ ಇನ್ನು ನಾಲ್ಕೇ ತಿಂಗಳಿದೆ. ಸೌದಿಯಲ್ಲಿ ಕೆಲಸ ಮುಗಿದ 12 ತಿಂಗಳೊಳಗೆ ದಾವೆ ಹೂಡಬೇಕು. ಲೆಕ್ಕ ಹೀಗೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳಂತೆ 4,500, ಉಳಿದ ಎರಡಕ್ಕೆ ಪೂರ್ತಿ ತಿಂಗಳಂತೆ 3,600, ಒಟ್ಟು 8,100. ತಾವಾಗಿ ಬಿಟ್ಟವರಿಗೆ ಐದರಿಂದ ಹತ್ತು ವರ್ಷದ ಸೇವೆಯಾದರೆ ಮೂರರಲ್ಲಿ ಎರಡು ಪಾಲು. ಅಂದರೆ ನಿಮ್ಮ ಪಾಲು 5,400 ರಿಯಾಲ್.

ದೂರು ಮೊದಲು ರಾಜಿ ವಿಭಾಗಕ್ಕೆ ಹೋಗುತ್ತದೆ, 21 ದಿನದಲ್ಲಿ ಇತ್ಯರ್ಥವಾಗದಿದ್ದರೆ ಲೇಬರ್ ಕೋರ್ಟಿಗೆ. ನೀವು ಅಲ್ಲಿಲ್ಲದ ಕಾರಣ ನಂಬಿಕಸ್ತರೊಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. ಬರೀ ನೋಟರಿ ಮುದ್ರೆ ಸಾಲದು. ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಪರದೇಶದಲ್ಲಿ ಕಾಗದ ನಡೆಯಲು ಹಾಕುವ ದೃಢೀಕರಣ ಮುದ್ರೆ), ಅಲ್ಲಿ ಅರೇಬಿಕ್ ಅನುವಾದ. ಇಷ್ಟಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ಈ ವಾರವೇ ಶುರು ಮಾಡಿ. ಜೊತೆಜೊತೆಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ಇಕಾಮಾ (ಸೌದಿಯ ವಾಸದ ಪರವಾನಗಿ) ನಂಬರು ಹಾಕಿ ದೂರು ಕೊಡಿ. ಆದರೆ ಮದದ್‌ನಲ್ಲಿ ಕೊಟ್ಟ ದೂರು ಕೋರ್ಟಿನ ದಾವೆಯಾಗುವುದಿಲ್ಲ, 12 ತಿಂಗಳ ಗಡುವು ಅದಕ್ಕಾಗಿ ಕಾಯುವುದಿಲ್ಲ.

ಪ್ರಶ್ನೆ: ತಮ್ಮ ಮುಂದಿನ ತಿಂಗಳು ಕತಾರಿಗೆ ವೆಲ್ಡರ್ ಕೆಲಸಕ್ಕೆ ಹೊರಟಿದ್ದಾನೆ. ಈಗಲೇ ಏನು ನೋಡಿಕೊಳ್ಳಬೇಕು?
— ಶ್ರೀರಂಗಪಟ್ಟಣದ ಓದುಗರು

ಉತ್ತರ: ಏಜೆಂಟನ ಲೈಸೆನ್ಸ್ ನಂಬರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹಾಕಿ ನೋಡಿ, ಅಲ್ಲಿ ಕಾಣದಿದ್ದರೆ ದುಡ್ಡು ಕೊಡಬೇಡಿ. ಕರಾರಿನಲ್ಲಿ ಬೇಸಿಕ್ 1,000 ರಿಯಾಲಿಗಿಂತ ಕಡಿಮೆ ಇರಕೂಡದು. ಊಟ, ವಸತಿ ಕಂಪನಿ ಕೊಡದಿದ್ದರೆ ಮೇಲೆ 300 ಮತ್ತು 500 ಸೇರಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರಕ್ಕೆ 375. ಹತ್ತು ಲಕ್ಷದ ಅಪಘಾತ ವಿಮೆಯ ಜೊತೆಗೆ ಕೆಲಸದ ತಕರಾರಿನ ಕೋರ್ಟು ಖರ್ಚಿಗೆ 45,000ದವರೆಗೆ ಅದರಲ್ಲಿದೆ. ಪಾಲಿಸಿ, ಕರಾರು, ವೀಸಾ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಇವುಗಳ ಒಂದೊಂದು ನಕಲು ಅವನ ಪೆಟ್ಟಿಗೆಯಲ್ಲಿರಲಿ, ಇನ್ನೊಂದೊಂದು ನಿಮ್ಮ ಮನೆಯ ಬೀರುವಿನಲ್ಲಿರಲಿ.