ಸಂಪಾದಕರ ಉತ್ತರ: ‘ಜುವೆಸ್’ ಎಂದರೆ ಯಾರು?

ಓದುಗರ ಪತ್ರ: “ಮಗನ ಕೆಲಸ ಚಿಲಿ ದೇಶದ ವಾಲ್ಪರಾಯಿಸೊದಲ್ಲಿ. ಎರಡು ತಿಂಗಳು ಅಲ್ಲಿದ್ದು ಬಂದೆ. ಅದು ಗುಡ್ಡದ ಮೇಲೆ ಕಟ್ಟಿದ ಊರು. ಒಂದು ದಿನ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಲಾರದೆ ಕೂತಿದ್ದೆ. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಬಿಲ್ಲೆ ಹಾಕಿದ್ದ ಇಬ್ಬರು ಹುಡುಗರು ಬಂದರು. ಚೀಲ ಎತ್ತಿಕೊಂಡು ಗೇಟಿನ ತನಕ ತಂದುಕೊಟ್ಟರು. ಒಬ್ಬ ಅಮೆರಿಕದವನು, 19 ವರ್ಷವಂತೆ. ಅಮ್ಮನನ್ನು ನೋಡಿ 14 ತಿಂಗಳಾಯಿತು ಅಂದ. ಇನ್ನೊಬ್ಬನಿಗೆ ಸ್ಪ್ಯಾನಿಷ್ ಮಾತ್ರ ಗೊತ್ತು. ಹೋಗುವಾಗ ಏನೋ ಕೇಳಿದರು, ಸುಮ್ನೆ ತಲೆ ಆಡಿಸಿದೆ. ಒಂದು ಚೀಟಿ ಕೊಟ್ಟರು. ಹಿಂಬದಿಯಲ್ಲಿ ‘ಜುವೆಸ್ 5’ ಎಂದು ಬರೆದಿದೆ. ಇದು ಯಾರ ಹೆಸರು? ಮಾರನೇ ದಿನ ನಾವು ಸಾಂಟಿಯಾಗೊಗೆ ಹೊರಟು ಒಂದು ವಾರ ಅಲ್ಲೇ ಇದ್ದೆವು. ಮತ್ತೆ ಆ ಮಕ್ಕಳು ಸಿಗಲಿಲ್ಲ. ಅವರು ಮಾರ್ಮನ್ನರು ಎಂದು ಮಗ ಹೇಳಿದ. ಇವರಿಗೆ ಸಂಬಳ ಯಾರು ಕೊಡುತ್ತಾರೆ? ದಿನವಿಡೀ ಏನು ಮಾಡುತ್ತಾರೆ? ಇದು ಮತಾಂತರವೇ ಅಲ್ವಾ? ಹೆತ್ತವರಿಗೆ ಕಳಿಸಲು ಮನಸ್ಸಾದರೂ ಹೇಗೆ ಬಂತು?”
— ಓದುಗರೊಬ್ಬರು, ಶಿವಮೊಗ್ಗ

ನಮಸ್ಕಾರ ಅಮ್ಮಾ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಕಾಫಿ ನೆನಪಾಯಿತು. ಕೆಲವು ವರ್ಷದ ಹಿಂದೆ ಅಣ್ಣನ ಮಗಳ ಮನೆಗೆಂದು ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಹೋಗಿದ್ದೆ. ಪಕ್ಕದ ಮನೆಯವರು ಒಂದು ಸಂಜೆ ಕರೆದರು. ಹೊತ್ತು ಐದೂವರೆ. ನಾಲಿಗೆ ಕಾಫಿಗೆ ಕಾಯುತ್ತಿತ್ತು. ಬಂದದ್ದು ನಿಂಬೆ ಶರಬತ್ತು. ಆ ಮನೆಯಲ್ಲಿ ಕಾಫಿಪುಡಿಯೂ ಇಲ್ಲ, ಟೀಪುಡಿಯೂ ಇಲ್ಲ. ಅವರು ಮಾರ್ಮನ್ನರು, ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಇವರಿಗೆ ಕಾಫಿ, ಟೀ, ಹೆಂಡ, ತಂಬಾಕು ನಾಲ್ಕೂ ಕೂಡದು. ಆದರೆ ಆ ಮನೆಯಾತ ಮಾತಿಗೆ ಕೂತರೆ ಕಾಫಿ ಮರೆತೇಹೋಗುತ್ತದೆ. 2011ರಿಂದ 2013ರ ತನಕ ಅದೇ ಚಿಲಿಯಲ್ಲಿ, ಕಾನ್ಸೆಪ್ಸಿಯೋನ್ ಕಡೆ, ಬಿಳಿ ಅಂಗಿ ಹಾಕಿಕೊಂಡು ತಿರುಗಿದವನು. ನಾಲ್ಕೈದು ಸಂಜೆ ಅವನು ಹೇಳಿದ್ದನ್ನು ಇಟ್ಟುಕೊಂಡೇ ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಸಂಬಳದ ವಿಷಯ. ಸಂಬಳವೇ ಇಲ್ಲ. ತಿರುಗಾ ಇವರೇ ದುಡ್ಡು ಕಟ್ಟಬೇಕು. ಆಗ ಅಮೆರಿಕದ ಮನೆಯವರು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು. 2020ರ ಜುಲೈಯಿಂದ ಅದು 500 ಆಯಿತು. ಯಾವ ದೇಶಕ್ಕೆ ಹಾಕಿದರೂ ಅಷ್ಟೇ. ಎಲ್ಲಿಗೆ ಹೋಗಬೇಕೆಂದು ಆರಿಸುವ ಹಾಗಿಲ್ಲ, ಚರ್ಚಿನ ಕೇಂದ್ರ ಕಚೇರಿ ಇರುವ ಸಾಲ್ಟ್ ಲೇಕ್ ಸಿಟಿಯಿಂದ ಆದೇಶ ಬರುತ್ತದೆ. ಹೀಗೆ ಧರ್ಮಪ್ರಚಾರಕ್ಕೆ ಹೋಗುವುದಕ್ಕೆ ‘ಮಿಷನ್’ ಅನ್ನುತ್ತಾರೆ. ಅದು ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ನಮ್ಮ ನೆರೆಯಾತ ಹೋದಾಗ ಹುಡುಗರಿಗೆ ಕನಿಷ್ಠ 19 ಆಗಿರಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನು 18ಕ್ಕೆ ಇಳಿಸಿದರು.

ನಮ್ಮವರಿಗೆ ಇದನ್ನು ವಿವರಿಸಲು ಸುಲಭದ ದಾರಿ ಅಯ್ಯಪ್ಪನ ಮಾಲೆ. ಮಾಲೆ ಹಾಕಿದ ಮೇಲೆ ರಮೇಶನೂ ಸ್ವಾಮಿ, ಸುರೇಶನೂ ಸ್ವಾಮಿ. ಬಟ್ಟೆಗೆ ನಿಯಮ, ಊಟಕ್ಕೆ ನಿಯಮ, ಇಂಥ ದಿನದ ತನಕ ಎಂದು ಲೆಕ್ಕ. ಇಲ್ಲೂ ಹಾಗೇ. ಎಲ್ಲ ಹುಡುಗರೂ ‘ಎಲ್ಡರ್’, ಅಂದರೆ ಹಿರಿಯ. ಮೀಸೆ ಮೂಡದ ಹಿರಿಯ! ಹುಡುಗಿಯರು ‘ಎರ್ಮಾನಾ’, ಸ್ಪ್ಯಾನಿಷ್‌ನಲ್ಲಿ ಸೋದರಿ ಎಂದು. ಬಿಲ್ಲೆಯ ಮೇಲೆ ಮನೆತನದ ಹೆಸರು ಮಾತ್ರ. ಎರಡು ವರ್ಷ ಅವನನ್ನು ಯಾರೂ ಸ್ವಂತ ಹೆಸರಿನಿಂದ ಕೂಗಲಿಲ್ಲವಂತೆ. ಅವನ ಕಾಲದಲ್ಲಿ ಬೆಳಗ್ಗೆ 6:30ಕ್ಕೆ ಏಳಬೇಕಿತ್ತು, ರಾತ್ರಿ 10:30ಕ್ಕೆ ದೀಪ ಆರಿಸಬೇಕಿತ್ತು. ಟಿವಿ ಇಲ್ಲ, ಸಿನಿಮಾ ಇಲ್ಲ, ಗೆಳತಿ ಇಲ್ಲ. ಈಜುವ ಹಾಗಿಲ್ಲ. ಸಮುದ್ರದ ದಂಡೆಯ ಊರಲ್ಲೇ ಇದ್ದು ನೀರಿಗಿಳಿಯದೆ ವಾಪಸ್ ಬಂದವನು ಅವನು. ನಮ್ಮವರ ವ್ರತ 41 ದಿನಕ್ಕೆ ಮುಗಿಯುತ್ತದೆ. ಇದು ಎರಡು ವರ್ಷ.

ಭಾಷೆಯ ಕಥೆ ಕೇಳಿ ನಾನು ತುಂಬಾ ನಕ್ಕಿದ್ದೇನೆ. ಹೊರಡುವ ಮುಂಚೆ ಯೂಟಾದ ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಸುಮಾರು ಎರಡು ತಿಂಗಳು ಸ್ಪ್ಯಾನಿಷ್ ಕಲಿಸಿದರು. ಪ್ರಾರ್ಥನೆ ಬಾಯಿಗೆ ಬಂತು, ನಾಲ್ಕು ಪಾಠ ಬಂತು. ಎಲ್ಲ ಬಂತು ಅಂದುಕೊಂಡು ವಿಮಾನ ಇಳಿದ. ಒಂದಕ್ಷರ ಅರ್ಥವಾಗಲಿಲ್ಲ. ಪುಸ್ತಕದ ಕನ್ನಡ ಕಲಿತವನನ್ನು ಕುಂದಾಪುರದ ಸಂತೆಯಲ್ಲಿ ಬಿಟ್ಟರೆ ಹೇಗಿರುತ್ತದೆ, ಹಾಗೆ. ಚಿಲಿಯವರು ಮಾತು ಓಡಿಸುತ್ತಾರೆ, ಪದದ ನಡುವಿನ, ಕೊನೆಯ ‘ಸ್’ ನುಂಗುತ್ತಾರೆ, ಎಲ್ಲದರ ಬಾಲಕ್ಕೆ ‘ಪೋ’ ಸೇರಿಸುತ್ತಾರೆ. ಹೌದು ಅನ್ನಲು ‘ಸೀ ಪೋ’. ಗೊತ್ತಾಯ್ತಾ ಅನ್ನಲು ‘ಕಚಾಯ್’.

ಸ್ಪ್ಯಾನಿಷ್‌ನಲ್ಲಿ ‘ಪೆಕಾದೊ’ ಎಂದರೆ ಪಾಪ, ‘ಪೆಸ್ಕಾದೊ’ ಎಂದರೆ ಮೀನು. ನಮ್ಮ ಅಕ್ಕಿ-ಹಕ್ಕಿ ಇದ್ದ ಹಾಗೆ. ಇವನನ್ನು ಮೊದಲು ಹಾಕಿದ್ದು ಕಾನ್ಸೆಪ್ಸಿಯೋನ್ ಪಕ್ಕದ ತಾಲ್ಕಾವಾನೊಗೆ, ಅದು ಮೀನುಗಾರಿಕೆ ಬಂದರು. ಅಲ್ಲಿ ಮೀನು ಮಾರುವವರು ‘ಸ್’ ನುಂಗಿ ಕೂಗುವುದು ಇವನ ಕಿವಿಗೆ ‘ತಾಜಾ ಪಾಪ, ತಾಜಾ ಪಾಪ’ ಎಂದು ಕೇಳಿಸಿತಂತೆ. ಆಮೇಲೆ ಇವನು ಒಂದು ಮನೆಯಲ್ಲಿ ಕೂತು, ಕ್ರಿಸ್ತ ನಮ್ಮೆಲ್ಲರ ಮೀನುಗಳಿಗಾಗಿ ಪ್ರಾಣ ಬಿಟ್ಟ ಎಂದು ಕೈಮುಗಿದು ಹೇಳಿದ. ಮನೆಯಾಕೆ ನಗಲಿಲ್ಲ. ಗಂಡನ ಕಡೆ ತಿರುಗಿ, ನೋಡು, ನಿನ್ನ ಕಸುಬಿಗೂ ಬೆಲೆ ಇದೆ ಅಂದಳು.

ಇನ್ನೊಂದು ಸಣ್ಣ ವಿಷಯ ನನಗೆ ಇಷ್ಟವಾಯಿತು. ಊರಿನವರ ಜೊತೆ ಮಾತಾಡುವಾಗ ಬಹುವಚನದಂಥ ‘ಉಸ್ತೆದ್’ ಬಳಸಬೇಕು. ದೇವರ ಜೊತೆ ಮಾತ್ರ ‘ತೂ’, ಅಂದರೆ ನೀನು. ನಾವೂ ದೇವರಿಗೆ ನೀನು ಅನ್ನುತ್ತೇವೆ, ಗುಮಾಸ್ತನಿಗೆ ನೀವು ಅನ್ನುತ್ತೇವೆ ಎಂದು ಹೇಳಿದೆ. ಅವನಿಗೆ ತುಂಬಾ ಖುಷಿಯಾಯಿತು. ಕಿಟೆಲ್ ಹೆಸರನ್ನೂ ಹೇಳಿದೆ. 1853ರಲ್ಲಿ ಬಂದ ಮನುಷ್ಯ, 1894ರಲ್ಲಿ ಕನ್ನಡ ನಿಘಂಟು ಹೊರಬಂತು ಅಂದೆ. ನಮಗೆ ಅಷ್ಟು ಪುರುಸೊತ್ತು ಎಲ್ಲಿ, ಬಾಯಿ ತಿರುಗುವ ಹೊತ್ತಿಗೆ ವಾಪಸ್ ಟಿಕೆಟ್ ಬರುತ್ತದೆ ಅಂದ.

ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ನಡೆಯುತ್ತಾರೆ. ನಡೆದು ನಡೆದು ಬೇಡ ಅನ್ನಿಸಿಕೊಳ್ಳುತ್ತಾರೆ. ಚಿಲಿಯಲ್ಲಿ ಮನೆ ಮುಂದೆ ಕಬ್ಬಿಣದ ಗೇಟು ಇರುವುದನ್ನು ನೀವೇ ನೋಡಿದ್ದೀರಿ. ಬಾಗಿಲು ತಟ್ಟುವ ಹಾಗಿಲ್ಲ, ಹೊರಗೆ ನಿಂತು ‘ಅಲೋ’ ಎಂದು ಕೂಗಬೇಕು. ಮೊದಲು ನಾಯಿ ಬರುತ್ತದೆ. ಬೀದಿನಾಯಿ ಮೈಮೇಲೆ ಬಂದರೆ ಬಗ್ಗಿ ಕಲ್ಲು ಎತ್ತಿದ ಹಾಗೆ ಮಾಡುವುದನ್ನು ಜೊತೆಗಾರ ಮೊದಲ ದಿನವೇ ಕಲಿಸಿದನಂತೆ. ಆ ವಿದ್ಯೆ ನಮ್ಮಲ್ಲೂ ನಡೆಯುತ್ತದೆ ಅಂದೆ.

ಆಮೇಲೆ ಮನುಷ್ಯರು ಬರುತ್ತಾರೆ. ಅಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ಕಡಿಮೆ. ನಗುತ್ತಾ, ಈಗ ಸ್ವಲ್ಪ ಕೆಲಸ ಇದೆ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಹುಡುಗರು ಅದನ್ನೇ ನಂಬಿ ಡೈರಿಯಲ್ಲಿ ದಿನ, ಹೊತ್ತು ಬರೆದುಕೊಳ್ಳುತ್ತಾರೆ. ಆ ದಿನ ಹೋಗಿ ಕೂಗಿದರೆ ಸಣ್ಣ ಮಗು ಹೊರಗೆ ಬರುತ್ತದೆ. ‘ಅಮ್ಮ ಮನೇಲಿ ಇಲ್ಲ ಅಂತ ಅಮ್ಮ ಹೇಳಿದ್ಲು’ ಅನ್ನುತ್ತದೆ. ಮೊದಲ ತಿಂಗಳು ಅವನಿಗೆ ಸಿಟ್ಟು ಬರುತ್ತಿತ್ತಂತೆ. ನಾನು ಅವನಿಗೆ ನಮ್ಮ ‘ನಾಳೆ ಬಾ’ ಕಥೆ ಹೇಳಿದೆ. 90ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಜನ ಗೋಡೆ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು ಅಲ್ವಾ? ದೆವ್ವ ಓದಿಕೊಂಡು ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಅವನು ಗಂಭೀರವಾಗಿ, ಆ ದೆವ್ವ ನಾನೇ ಅಂದ.

ಊಟಕ್ಕೆ ತೊಂದರೆ ಇರಲಿಲ್ಲ. ಚರ್ಚಿನ ಮನೆಗಳವರು ಸರದಿಯಲ್ಲಿ ಮಧ್ಯಾಹ್ನದ ಊಟ ಹಾಕುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನಮ್ಮ ಹಿಂದಿನವರು ಓದುವಾಗ ಮಾಡಿದ ವಾರಾನ್ನವೇ ಇದು. ತಟ್ಟೆಯಲ್ಲಿ ಬಿಡುವ ಹಾಗಿಲ್ಲ, ಖಾಲಿ ಮಾಡಿದರೆ ಮತ್ತೆ ಬಡಿಸುತ್ತಾರೆ. ಬಡವರ ಮನೆಯಲ್ಲೇ ಜಾಸ್ತಿ ಬಡಿಸುತ್ತಿದ್ದರು ಎಂದು ಹೇಳುವಾಗ ಅವನ ದನಿ ಸ್ವಲ್ಪ ಇಳಿಯಿತು. ಮಳೆಗಾಲದಲ್ಲಿ ‘ಸೊಪಾಯ್‌ಪಿಯಾ’ ಮಾಡುತ್ತಾರೆ, ಕುಂಬಳಕಾಯಿ ಹಾಕಿ ಕಲಸಿದ ಹಿಟ್ಟನ್ನು ಕರಿದದ್ದು. ಮಳೆ ಹಿಡಿದರೆ ನಮಗೆ ಬಜ್ಜಿ ನೆನಪಾಗುತ್ತದಲ್ಲ, ಅಲ್ಲಿಯವರಿಗೆ ಇದು. ಸಂಜೆ ‘ಓನ್ಸೆ’ ಎಂದು ಬ್ರೆಡ್, ಬೆಣ್ಣೆಹಣ್ಣು, ಟೀ ಇಟ್ಟುಕೊಂಡು ಕೂರುತ್ತಾರೆ. ಇವರಿಗೆ ಮಾತ್ರ ಟೀ ಬದಲು ಸೊಪ್ಪಿನ ಕಷಾಯ.

ಜೊತೆಗಾರನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಇವರು ಯಾವಾಗಲೂ ಇಬ್ಬರೇ. ಒಬ್ಬನೇ ಅಂಗಡಿಗೂ ಹೋಗುವ ಹಾಗಿಲ್ಲ. ಆ ಜೊತೆಯನ್ನು ಆರಿಸಿದವರು ಬೇರೆ. ಆರು ವಾರಕ್ಕೊಮ್ಮೆ ‘ಕಾಂಬಿಯೊಸ್’ ಎಂದು ವರ್ಗಾವಣೆ ಪಟ್ಟಿ ಬರುತ್ತದೆ, ಆಗ ಬದಲಾದರೂ ಆಗಬಹುದು. ಇವನಿಗೆ ಒಮ್ಮೆ ಪೆರುವಿನ ಹುಡುಗನ ಜೊತೆ ಜಗಳವಾಯಿತು. ಕಾರಣ ತೊಳೆಯದ ಪಾತ್ರೆ. ಮೂರು ದಿನ ಮಾತಿಲ್ಲ. ಆದರೆ ನಿಯಮ ಇದೆಯಲ್ಲ, ಒಬ್ಬರನ್ನೊಬ್ಬರು ಬಿಟ್ಟಿರುವ ಹಾಗಿಲ್ಲ. ಮುಖ ಊದಿಸಿಕೊಂಡು ಅಕ್ಕಪಕ್ಕದಲ್ಲೇ ನಡೆದರು, ಗೇಟಿನ ಮುಂದೆ ನಿಂತಾಗ ಮಾತ್ರ ಇಬ್ಬರೂ ನಗುತ್ತಾ ಪ್ರೀತಿಯ ಬಗ್ಗೆ ಮಾತಾಡಿದರು. ಈಗ ಆ ಪೆರುವಿನವನ ಮಗಳಿಗೆ ಇವನೇ ಹುಟ್ಟುಹಬ್ಬದ ಉಡುಗೊರೆ ಕಳಿಸುತ್ತಾನೆ.

ಅಮ್ಮನ ವಿಷಯ. ಅವನ ಕಾಲದಲ್ಲಿ ಮನೆಗೆ ಫೋನ್ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಉಳಿದಂತೆ ವಾರಕ್ಕೊಂದು ಇಮೇಲ್. ಬಟ್ಟೆ ಒಗೆಯುವ, ಸಾಮಾನು ತರುವ ಬಿಡುವಿನ ದಿನ ಸೈಬರ್ ಕೆಫೆಯಲ್ಲಿ ಕೂತು ಬರೆಯುತ್ತಿದ್ದ. 2019ರ ಫೆಬ್ರುವರಿಯಲ್ಲಿ ಆ ನಿಯಮ ಸಡಿಲವಾಯಿತು. ಈಗ ವಾರವಾರ ಮಾತಾಡಬಹುದು. ನಿಮ್ಮ ಚೀಲ ಹೊತ್ತ ಹುಡುಗ ಅಮ್ಮನನ್ನು ಮುಟ್ಟಿ 14 ತಿಂಗಳಾಗಿರಬಹುದು, ದನಿ ಕೇಳಿ ಅಷ್ಟು ದಿನವಾಗಿರಲಾರದು.

ಇನ್ನು ಮತಾಂತರ. ಹೌದು, ಅದಕ್ಕೇ ಹೋಗುವುದು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ವಾಲ್ಪರಾಯಿಸೊಗೆ ಇವರ ಮೊದಲಿಗ ಬಂದದ್ದು 1851ರಲ್ಲಿ. ಪಾರ್ಲಿ ಪ್ರ್ಯಾಟ್ ಎಂದು ಹೆಸರು. ಸ್ಪ್ಯಾನಿಷ್ ಸರಿಯಾಗಿ ಬಾರದು, ಬೇರೆ ಪಂಥದವರು ಬಹಿರಂಗವಾಗಿ ಪೂಜೆ ಮಾಡಲು ಅಲ್ಲಿನ ಕಾನೂನು ಬಿಡದು. ಅಲ್ಲೇ ಹುಟ್ಟಿದ ಮಗು ಅಲ್ಲೇ ತೀರಿಕೊಂಡಿತು. ಒಬ್ಬರಿಗೂ ದೀಕ್ಷೆ (ಇವರಲ್ಲಿ ಅದು ನೀರಲ್ಲಿ ಮುಳುಗಿಸಿ ಕೊಡುವುದು) ಕೊಡದೆ 1852ರಲ್ಲಿ ಹಡಗು ಹತ್ತಿದ. ಮತ್ತೆ ಇವರ ಹುಡುಗರು ಚಿಲಿಗೆ ಕಾಲಿಟ್ಟದ್ದು 1956ರಲ್ಲಿ. ಆಮೇಲೆ ಸಂಖ್ಯೆ ಏರಿದ ರಭಸ ನೋಡಿದರೆ ಎಲ್ಲ ಗೆದ್ದರು ಅನ್ನಿಸುತ್ತದೆ. ಆದರೆ 2002ರ ಚಿಲಿಯ ಜನಗಣತಿಯಲ್ಲಿ, 15 ವರ್ಷ ದಾಟಿದವರಲ್ಲಿ, ನಾವು ಮಾರ್ಮನ್ನರು ಎಂದು ಬರೆಸಿದವರು ಸುಮಾರು 1 ಲಕ್ಷದ 4 ಸಾವಿರ. ಆ ಹೊತ್ತಿಗೆ ಚರ್ಚಿನ ದಫ್ತರದಲ್ಲಿದ್ದ ಹೆಸರು 5 ಲಕ್ಷಕ್ಕೂ ಹೆಚ್ಚು. ಮಕ್ಕಳನ್ನು ಕಳೆದರೂ ಈ ಲೆಕ್ಕ ಕೂಡುವುದಿಲ್ಲ. ಅದೇ ವರ್ಷ ಜೆಫ್ರಿ ಹಾಲೆಂಡ್ ಎಂಬ ದೊಡ್ಡ ಮುಖಂಡರನ್ನೇ ಸಾಲ್ಟ್ ಲೇಕ್‌ನಿಂದ ಕಳಿಸಿ, ಎರಡು ವರ್ಷ ಚಿಲಿಯಲ್ಲಿ ಇರಿಸಿದರು.

ನಮ್ಮ ನೆರೆಯಾತನಿಗೂ ಹಳೆ ಪಟ್ಟಿ ಹಿಡಿದು ಹುಡುಕುವ ಕೆಲಸ ಕೊಟ್ಟಿದ್ದರು. ಒಬ್ಬಾತ ಗೇಟಿಗೆ ಒರಗಿಕೊಂಡು, ‘ನಾನಾ? ಇರಬಹುದು. ಚಿಕ್ಕವನಿದ್ದಾಗ ನಿಮ್ಮ ಚರ್ಚಿನ ಅಂಗಳದಲ್ಲಿ ಫುಟ್‌ಬಾಲ್ ಆಡಲು ಬರುತ್ತಿದ್ದೆ, ಒಂದು ದಿನ ನೀರಲ್ಲಿ ಮುಳುಗಿಸಿದರು’ ಅಂದನಂತೆ. ಇವನು ಎರಡು ವರ್ಷದಲ್ಲಿ ದೀಕ್ಷೆ ಕೊಟ್ಟದ್ದು ಏಳು ಜನರಿಗೆ. ಈಗಲೂ ಚರ್ಚಿಗೆ ಹೋಗುವವರು ಒಬ್ಬರು. ನನಗೆ ಕೇಳಿದರೆ, ಪಟ್ಟಿ ಬೆಳೆಸುವ ಆತುರಕ್ಕೆ ಹರೆಯದ ಮಕ್ಕಳನ್ನು ಹಚ್ಚುವುದು ಸರಿಯಲ್ಲ. ಅವನಿಗೂ ಹಾಗೇ ಹೇಳಿದೆ. ಅವನು ವಾದಿಸಲಿಲ್ಲ. ಒಪ್ಪಲೂ ಇಲ್ಲ.

ಹೆತ್ತವರಿಗೆ ಮನಸ್ಸು ಹೇಗೆ ಬಂತು? ಯೂಟಾದಲ್ಲಿ ಕಳಿಸದಿರುವುದಕ್ಕೇ ಧೈರ್ಯ ಬೇಕು. ಮಗು ಹುಟ್ಟಿದಾಗಿನಿಂದ ಇದಕ್ಕೆಂದು ದುಡ್ಡು ಕೂಡಿಡುವ ಮನೆಗಳಿವೆ. ಹೆಣ್ಣು ಕೊಡುವವರೂ ಮಿಷನ್ ಮುಗಿಸಿದ್ದೀಯಾ ಎಂದು ನೋಡುತ್ತಾರೆ. ಕಾಯಿಲೆ ಬಿದ್ದೋ ಮನಸ್ಸು ಕುಗ್ಗಿಯೋ ಅರ್ಧಕ್ಕೆ ಬಂದವನನ್ನು ಬೀದಿಯವರು ಏನಾಯ್ತು, ಏನಾಯ್ತು ಎಂದು ಕೇಳಿ ಕೇಳಿ ಸುಸ್ತು ಮಾಡುತ್ತಾರೆ. ನಮ್ಮಲ್ಲಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಊರಿಗೆ ಬಂದ ಹುಡುಗನನ್ನು ನೆನೆದುಕೊಳ್ಳಿ. ನೆರೆಯಾತನ ತಮ್ಮನೇ ಹಾಗೆ ಏಳನೇ ತಿಂಗಳಿಗೆ ಬಂದವನು. ಆ ವಿಷಯ ಬಂದಾಗ ಅವನ ಹೆಂಡತಿ ಎದ್ದು ಒಳಗೆ ಹೋದಳು, ಅವನು ಶರಬತ್ತು ಬಗ್ಗಿಸಿದ. ನಾನೂ ಮುಂದೆ ಕೇಳಲಿಲ್ಲ.

ಅಂದ ಹಾಗೆ, 2018ರಿಂದ ಅವರೇ ತಮ್ಮನ್ನು ಮಾರ್ಮನ್ನರು ಎಂದು ಕರೆಯಬೇಡಿ, ಚರ್ಚಿನ ಪೂರ್ತಿ ಹೆಸರು ಹೇಳಿ ಎಂದು ಕೇಳುತ್ತಿದ್ದಾರೆ. ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಅಷ್ಟುದ್ದ ಪ್ರತಿ ಸಲ ಬರೆದರೆ ನಿಮ್ಮ ಪತ್ರಕ್ಕೇ ಜಾಗ ಉಳಿಯುವುದಿಲ್ಲ, ಕ್ಷಮಿಸಲಿ. ಬೆಂಗಳೂರಿನಲ್ಲೂ 1993ರಿಂದ ಇವರ ಮಿಷನ್ ಇದೆ. ಮುಂದೆ ಎಲ್ಲಾದರೂ ಕಪ್ಪು ಬಿಲ್ಲೆ ಕಂಡರೆ ಆಶ್ಚರ್ಯಪಡಬೇಡಿ.

ಕೊನೆಗೆ ನಿಮ್ಮ ಚೀಟಿ. ‘ಜುವೆಸ್’ ಯಾರೂ ಅಲ್ಲ. ಇಂಗ್ಲಿಷ್ ಓದುವ ಹಾಗೆ ಓದಿದ್ದೀರಿ. ಸ್ಪ್ಯಾನಿಷ್‌ನಲ್ಲಿ ಅದು ‘ಹ್ವೇವೆಸ್’, ಗುರುವಾರ. ಗುರುವಾರ 5 ಗಂಟೆಗೆ ಬರಲೇ ಎಂದು ಕೇಳಿರುತ್ತಾರೆ. ನೀವು ನಮ್ಮ ರೂಢಿಯಂತೆ ತಲೆ ಆಡಿಸಿದ್ದೀರಿ, ಅವರು ಹೌದು ಎಂದು ತಿಳಿದಿದ್ದಾರೆ. ಗುರುವಾರ ಆ ಮೆಟ್ಟಿಲು ಹತ್ತಿ ಬಂದು, ನಿಮ್ಮ ಗೇಟಿನ ಹೊರಗೆ ನಿಂತು ‘ಅಲೋ’ ಎಂದು ಒಂದೆರಡು ಸಲ ಕೂಗಿರುತ್ತಾರೆ. ಆಗ ನೀವು ಸಾಂಟಿಯಾಗೊದಲ್ಲಿದ್ದಿರಿ.