ಅಂಕಿ ಬರೆಯುವ ಮುನ್ನ ಭರತ ಬರೆಯಿರಿ

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ಬಾರಿ ಅಳಿವೆ, ಹಳ್ಳ, ಕಾಂಡ್ಲಾ

ಪ್ರಶ್ನೆ: ಅಘನಾಶಿನಿ ಅಳಿವೆ (ನದಿ ಕಡಲು ಸೇರುವ ಜಾಗ) 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತಲ್ಲ, ಆಮೇಲೆ ನಮ್ಮ ಶಾಲೆಯ ಇಕೋ ಕ್ಲಬ್ ಮಕ್ಕಳು ಅಲ್ಲಿ ನೀರಿನ ಉಪ್ಪು ಅಳೆಯುತ್ತಿದ್ದಾರೆ. ತಿಂಗಳ ಮೊದಲ ಶನಿವಾರ, ಬೆಳಿಗ್ಗೆ 10ಕ್ಕೆ, ಅದೇ ಜಾಗ. ಈ ವರ್ಷ ಜನವರಿ 3ರಂದು ಲೀಟರಿಗೆ 28 ಗ್ರಾಂ ಇದ್ದದ್ದು ಫೆಬ್ರವರಿ 7ಕ್ಕೆ 17. ನಡುವೆ ಮಳೆಯೇ ಇಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೆಟ್ಟಿರಬಹುದೇ?
– ಶಿಕ್ಷಕಿ, ಕುಮಟಾ ತಾಲ್ಲೂಕು

ಉತ್ತರ: ಉಪಕರಣವನ್ನು ಅನುಮಾನಿಸುವ ಮೊದಲು ಪಂಚಾಂಗ ತೆಗೆಯಿರಿ. ಜನವರಿ 3 ಹುಣ್ಣಿಮೆ. ಫೆಬ್ರವರಿ 7 ಹುಣ್ಣಿಮೆ ಕಳೆದು ಐದಾರು ದಿನ. ಭರತ (ಕಡಲ ನೀರಿನ ಏರಿಕೆ) ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಚಾಂದ್ರಮಾಸ ಇಪ್ಪತ್ತೊಂಬತ್ತೂವರೆ ದಿನದ್ದು, ನಿಮ್ಮ ಎರಡು ಶನಿವಾರಗಳ ನಡುವೆ 35 ದಿನ. ಹೆಚ್ಚಾದ ಐದೂವರೆ ದಿನಕ್ಕೆ ಭರತದ ವೇಳೆ ನಾಲ್ಕೂವರೆ ಗಂಟೆ ಸರಿಯಿತು. ಭರತದಿಂದ ಇಳಿತಕ್ಕೆ ಇರುವುದೇ ಆರು ಗಂಟೆ ಚಿಲ್ಲರೆ. ಮೊದಲ ಸಲ ಮಕ್ಕಳು ಅಳೆದದ್ದು ಹೆಚ್ಚುಪಾಲು ಸಮುದ್ರದ ನೀರನ್ನು, ಎರಡನೆಯ ಸಲ ಇಳಿದು ಬರುತ್ತಿದ್ದ ಹೊಳೆಯ ನೀರನ್ನು.

ಆದ್ದರಿಂದ ವಾರ ಬಿಡಿ, ತಿಥಿ ಹಿಡಿಯಿರಿ. ಹುಣ್ಣಿಮೆಯ ಮರುದಿನ ಎಂದಿಟ್ಟುಕೊಂಡರೆ ಭರತ ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ಗಂಟೆಗೆ ಸಿಗುತ್ತದೆ. ಬಂದರಿನ ಕೋಷ್ಟಕದ ವೇಳೆಯನ್ನು ಹಾಗೇ ನಂಬಬೇಡಿ. ನದಿಯೊಳಗೆ ಹೋದಷ್ಟೂ ಭರತ ತಡ. ನಿಮ್ಮ ಜಾಗದಲ್ಲೇ ಒಂದು ಗಳು ನೆಟ್ಟು, 10 ಸೆಂ.ಮೀ.ಗೊಂದು ಬಣ್ಣದ ಗೆರೆ ಎಳೆದು, ಒಂದು ದಿನ ಅರ್ಧ ಗಂಟೆಗೊಮ್ಮೆ ಮಟ್ಟ ಬರೆದರೆ ತಡ ಎಷ್ಟೆಂದು ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳ ಎತ್ತರವೂ ಒಂದೇ ಅಲ್ಲ. ಅಂದಿನ ಮಟ್ಟವನ್ನು ಉಪ್ಪಿನ ಅಂಕಿಯ ಪಕ್ಕದಲ್ಲೇ ಬರೆದಿಡಿ. ಭರತದ ವೇಳೆ ಇಲ್ಲದ ಅಂಕಿಯನ್ನು ನಾವಾದರೆ ಪುಸ್ತಕಕ್ಕೇ ಏರಿಸುವುದಿಲ್ಲ.

ಇನ್ನೊಂದು ಮೋಸ ಆಳದ್ದು. ಉಪ್ಪುನೀರು ಭಾರ, ತಳದಲ್ಲಿ ನುಗ್ಗುತ್ತದೆ, ಮೇಲೆ ಸಿಹಿನೀರು ತೇಲುತ್ತದೆ. ದಡದಿಂದ ಬಕೆಟ್ ಎಸೆದರೆ ಬರುವುದು ಮೇಲಿನ ಪದರ ಮಾತ್ರ. ಬಾಟಲಿಯ ಕುತ್ತಿಗೆಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿ ತಳಕ್ಕಿಂತ ಒಂದಡಿ ಮೇಲೆ ನಿಲ್ಲಿಸಿ, ಬಿರಡೆಯ ದಾರವನ್ನು ಜಗ್ಗಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ.

ರಿಫ್ರಾಕ್ಟೋಮೀಟರ್ ವಿಷಯಕ್ಕೆ ಬಂದರೆ, ಪ್ರತಿ ಸಲವೂ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಕೂರಿಸಿ. ನಲ್ಲಿ ನೀರು ಬೇಡ. ಎರಡು ಮೂರು ಹನಿ, ಮುಚ್ಚಳದಡಿ ಗುಳ್ಳೆ ಇರಬಾರದು, ಅರ್ಧ ನಿಮಿಷ ತಡೆದು ಓದಿ. ಹಿಂದಿನ ಸಲದ ಉಪ್ಪು ಗಾಜಿನ ಮೇಲೆ ಒಣಗಿ ಕೂತಿದ್ದರೆ ಅಂಕಿ ಏರುತ್ತದೆ. ಮಳೆಗಾಲದಲ್ಲಿ ಉಪ್ಪು ಎರಡು ಮೂರು ಗ್ರಾಂಗಿಂತ ಕೆಳಗಿಳಿದಾಗ ಇದು ನಂಬಿಕೆಗೆ ಅರ್ಹವಲ್ಲ. ಆಗ ನೀರಿನ ವಿದ್ಯುತ್ ವಾಹಕತೆ ಅಳೆಯುವ ಕಂಡಕ್ಟಿವಿಟಿ ಮೀಟರ್ ಬೇಕು.

ಪ್ರಶ್ನೆ: ನಮ್ಮೂರ ಕಡಲತೀರದ ಉದ್ಯಾನದ ಪಕ್ಕದಲ್ಲೇ ಹಳ್ಳವೊಂದು ಸಮುದ್ರ ಸೇರುತ್ತದೆ. ಮಕ್ಕಳು ಅಲ್ಲೇ ಆಡುತ್ತಾರೆ. ಕುಡಿಯುವ ನೀರಿಗೆ ಬಳಸುವ, ಕಪ್ಪಾಗುವ ಪುಟ್ಟ ಬಾಟಲಿಯ ಪರೀಕ್ಷೆ ಸಾಕೇ?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ಸಾಲದು, ಅಳಿವೆಯಲ್ಲಂತೂ ದಾರಿ ತಪ್ಪಿಸುತ್ತದೆ. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುವುದರಿಂದ ಅದು ಕಪ್ಪಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಿನಲ್ಲಿ ಅದೇ ಅನಿಲ ತಾನಾಗಿಯೇ ಇರುತ್ತದೆ (ಕೊಳೆತ ಮೊಟ್ಟೆಯ ವಾಸನೆ ಅದರದ್ದೇ), ಹಾಗಾಗಿ ಚೊಕ್ಕ ನೀರೂ ಕಪ್ಪಾಗಬಹುದು.

ಪ್ರಯೋಗಾಲಯಕ್ಕೇ ಕಳಿಸಿ. ಅವರು ಕೊಡುವ ಸ್ಟೆರೈಲ್ ಬಾಟಲಿಯನ್ನು ತೊಳೆಯಬೇಡಿ, ಬಾಯಿಗೆ ಬೆರಳು ತಾಗಿಸಬೇಡಿ. ಮೊಣಕಾಲುದ್ದ ನೀರಿನಲ್ಲಿ ನಿಂತು, ನೀರು ಹರಿದು ಬರುವ ದಿಕ್ಕಿಗೆ ಬಾಯಿ ಮಾಡಿ, ಮೇಲ್ಮೈಯಿಂದ ಒಂದಡಿ ಕೆಳಗೆ ತುಂಬಿ. ಮೇಲೆ ಸ್ವಲ್ಪ ಖಾಲಿ ಬಿಡಿ. ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ತಲುಪಿಸಿ. ಇಳಿತದಲ್ಲೇ ತೆಗೆಯಿರಿ, ಭರತದಲ್ಲಿ ಸಮುದ್ರದ ನೀರು ಬೆರೆತು ಹಳ್ಳದ ಕೊಳೆ ಮರೆಯಾಗುತ್ತದೆ. ಮಳೆಗಾಲದ ಮೊದಲ ಜೋರು ಮಳೆಯ ಮರುದಿನದ ಮಾದರಿ ತಪ್ಪಿಸಬೇಡಿ, ಚರಂಡಿಗಳೆಲ್ಲ ತೊಳೆದು ಬರುವುದು ಆಗಲೇ.

ಈಜುವ ಕರಾವಳಿ ನೀರಿಗೆ ನಮ್ಮ ದೇಶದ ಮಾನದಂಡ 100 ಮಿ.ಲೀ.ಗೆ 100 ಫೀಕಲ್ ಕೋಲಿಫಾರ್ಮ್ (ಮಲದ ಬ್ಯಾಕ್ಟೀರಿಯಾ). ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲಿ ಸಿಕ್ಕ, ಸ್ವಚ್ಛ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್‌ನ ಲೆಕ್ಕ ಬೇರೆ: ಇ.ಕೋಲಿ 250, ಎಂಟರೋಕೊಕೈ 100 (ಇವೂ ಮಲದ ಬ್ಯಾಕ್ಟೀರಿಯಾಗಳೇ). ಎರಡನ್ನೂ ಕೇಳಿ. ಉಪ್ಪುನೀರಿನಲ್ಲಿ ಇ.ಕೋಲಿ ಬೇಗ ಸಾಯುತ್ತದೆ, ಎಂಟರೋಕೊಕೈ ಹೆಚ್ಚು ಕಾಲ ಉಳಿಯುತ್ತದೆ.

ಪ್ರಶ್ನೆ: ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಉಪಕರಣವಿಲ್ಲದೆ ಅಳೆಯುವುದು ಹೇಗೆ?
– ಬೈಂದೂರು

ಉತ್ತರ: ನೇರವಾಗಿರುವ 10 ಮೀಟರ್ ಜಾಗ ಆರಿಸಿ, ಭರತದ ನೀರು ಏರಿ ಬರದಷ್ಟು ಮೇಲೆ. ಅರ್ಧ ನೀರು ತುಂಬಿದ ಬಾಟಲಿ ತೇಲಿಬಿಡಿ. ಖಾಲಿ ಬಾಟಲಿಯನ್ನು ಗಾಳಿ ತಳ್ಳುತ್ತದೆ. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. 25 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ತಳಕ್ಕಿಂತ ಬೇಗ ಓಡುವುದರಿಂದ 0.85ರಿಂದ ಗುಣಿಸಿ: 0.34. ಅಗಲ 3 ಮೀ., ಸರಾಸರಿ ಆಳ 0.4 ಮೀ. ಆದರೆ ಸೆಕೆಂಡಿಗೆ ಸುಮಾರು 400 ಲೀಟರ್. ಆಳವನ್ನು ನಡುವೆ ಒಂದೇ ಕಡೆ ಅಳೆದರೆ ಲೆಕ್ಕ ಉಬ್ಬುತ್ತದೆ. ಅರ್ಧ ಮೀಟರಿಗೊಂದು ಕಡೆ ಅಳೆಯಿರಿ.

ಪ್ರಶ್ನೆ: ಕಾಂಡ್ಲಾ ನೆಟ್ಟದ್ದೆಲ್ಲ ಸಾಯುತ್ತಿದೆ.
– ಹೊನ್ನಾವರ

ಉತ್ತರ: ಬಯಲು ಕೆಸರಿನಲ್ಲಿ ನೆಟ್ಟಿರಬೇಕು. ಅಲ್ಲಿ ಗಿಡ ಬಹಳ ಹೊತ್ತು ಮುಳುಗಿರುತ್ತದೆ, ಕಾಂಡಕ್ಕೆ ಬಾರ್ನಕಲ್ ಎಂಬ ಚಿಪ್ಪುಜೀವಿ ಮೆತ್ತಿಕೊಳ್ಳುತ್ತದೆ. ತಾನಾಗಿ ಹುಟ್ಟಿದ ಸಸಿಗಳು ಯಾವ ಮಟ್ಟದಲ್ಲಿವೆ ನೋಡಿ, ಅಲ್ಲೇ ನೆಡಿ; ಕೋಡನ್ನು (ಗಿಡದಲ್ಲೇ ಮೊಳೆತ ಉದ್ದನೆಯ ಬೀಜ) ಮೂರನೇ ಒಂದು ಪಾಲು ಮಾತ್ರ ಹೂಳಿ. ಬಯಲು ಕೆಸರು ಬಂಜರಲ್ಲ. ಬಳಚು (ಕೆಸರಿನ ಚಿಪ್ಪುಮೀನು) ಇರುವುದು, ಹಕ್ಕಿಗಳು ಮೇಯುವುದು ಅಲ್ಲೇ.

ಪ್ರಶ್ನೆ: ಅಳಿವೆಯ ಮಾಹಿತಿ ಸಭೆ ಕರೆದರೆ ಬಳಚು ತೆಗೆಯುವ ಹೆಂಗಸರು ಬರುವುದೇ ಇಲ್ಲ. ಏನು ಮಾಡಬೇಕು?
– ಯುವಕ ಸಂಘ, ಕುಮಟಾ

ಉತ್ತರ: ಸಭೆ ಎಷ್ಟು ಗಂಟೆಗೆ ಕರೆದಿದ್ದಿರಿ? ಇಳಿತದ ಹೊತ್ತಾಗಿದ್ದರೆ ಅವರೆಲ್ಲ ನೀರಿನಲ್ಲಿದ್ದರು, ಅಷ್ಟೇ. ಭರತ ಏರಿದ ಮೇಲೆ, ಅವರು ದಡಕ್ಕೆ ಬರುವ ಜಾಗದಲ್ಲೇ ಮಾತಾಡಿಸಿ. ಪ್ರೊಜೆಕ್ಟರ್ ಬೇಡ. ಅಲ್ಲೊಂದು ಕಪ್ಪು ಹಲಗೆ ತೂಗುಹಾಕಿ: ಇಂದಿನ ಉಪ್ಪು, ಕಳೆದ ಹುಣ್ಣಿಮೆಯ ಉಪ್ಪು, ಹೋದ ವರ್ಷದ್ದು. ಮೂರೇ ಅಂಕಿ.

ಕೆಲಸದಲ್ಲೂ ಸೇರಿಸಿಕೊಳ್ಳಿ. ಅರ್ಧ ಮೀಟರ್ ಚೌಕದ ಪೈಪ್ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಒಳಗಿನದನ್ನು ಒಂದು ಗೇಣು ಆಳ ತೆಗೆದು ಜರಡಿ ಹಿಡಿದು, ಬಳಚನ್ನು ಎಣಿಸಿ, ಅಗಲ ಅಳೆದು ವಾಪಸ್ ಬಿಡಬೇಕು. ಜಾಸ್ತಿ ಇರುವ ಕಡೆಯೇ ಚೌಕಟ್ಟು ಇಡುವ ಆಸೆ ಎಲ್ಲರಿಗೂ ಬರುತ್ತದೆ. ದಡದಿಂದ ಹಗ್ಗ ಎಳೆದು ಹತ್ತು ಹೆಜ್ಜೆಗೊಂದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಅರ್ಧ ದಿನದ ದುಡಿಮೆ ಬಿಟ್ಟು ಬರುವವರಿಗೆ ಕೂಲಿ ಕೊಡಿ. ಅದಕ್ಕೆ ಹಣವಿಲ್ಲದಿದ್ದರೆ ಚೌಕಟ್ಟಿನ ಸಂಖ್ಯೆ ಕಡಿಮೆ ಮಾಡಿ, ಕೂಲಿ ಕಡಿಯಬೇಡಿ.