ಟವರ್ ದೀಪ ಆರಿದ ಸುದ್ದಿಯನ್ನು ಯಾರು ಹೇಳಬೇಕು?

(ಅಮೆರಿಕದ ಕಾನ್ಸಾಸ್ ರಾಜ್ಯದ ಹಳ್ಳಿಗಾಡಿನಲ್ಲಿ ನೆಲೆಸಿರುವ, ಹಾವೇರಿ ಕಡೆಯ ಓದುಗರೊಬ್ಬರ ಪತ್ರದ ಸಾರ: ಮನೆಯಿಂದ ಎರಡು ಮೈಲಿ ಆಚೆ ಇರುವ ಎತ್ತರದ ಪ್ರಸಾರ ಟವರ್‌ನ, ವಿಮಾನಗಳನ್ನು ಎಚ್ಚರಿಸುವ ಕೆಂಪು ದೀಪ ನಾಲ್ಕು ರಾತ್ರಿ ಉರಿಯಲಿಲ್ಲ. ಅಲ್ಲಿಂದ ಪ್ರಸಾರ ಮಾಡುವ ಸಂಸ್ಥೆಗೆ ಫೋನ್ ಮಾಡಿದರೆ ‘ಟವರ್ ನಮ್ಮದಲ್ಲ, ನಾವು ಬಾಡಿಗೆಗೆ ಇರುವವರು’ ಎಂಬ ಉತ್ತರ ಬಂತು. ಕೊನೆಗೆ ಬೇಲಿಯ ಫಲಕದಲ್ಲಿದ್ದ ಏಳು ಅಂಕಿಯ ಸಂಖ್ಯೆಯನ್ನು ಬರೆದುಕೊಂಡು ಸರ್ಕಾರಕ್ಕೇ ತಿಳಿಸಿದರು. ಈಗ ಚಾಡಿ ಹೇಳಿದೆನೇನೋ ಎಂಬ ಅಳುಕು. ಜಿಪಿಎಸ್ ಕಾಲದಲ್ಲಿ ಒಂದು ಬಲ್ಬಿಗೆ ಇಷ್ಟು ನಿಯಮ, ಇಷ್ಟು ದಂಡ ಬೇಕೇ? ದೀಪ ಆರಿದರೆ ಹಕ್ಕಿಗಳಿಗಾದರೂ ಒಳ್ಳೆಯದಲ್ಲವೇ ಎಂಬುದು ನೆರೆಯವರ ಪ್ರಶ್ನೆ. ‘ನಮ್ಮೂರಿನಲ್ಲಾಗಿದ್ದರೆ ಯಾರಿಗೆ ಹೇಳುತ್ತಿದ್ದೆ?’ – ಸಂ.)

ಪ್ರಿಯ ಓದುಗರೇ,

ಮೊದಲು ನಿಮ್ಮ ಅಳುಕಿನ ಮಾತು. ನೀವು ಹೇಳಿದ್ದು ಚಾಡಿಯಲ್ಲ. ರಸ್ತೆಯ ಮಧ್ಯೆ ಮ್ಯಾನ್‌ಹೋಲ್ ಬಾಯ್ತೆರೆದಿರುವುದನ್ನು ಕಂಡವನು ಹಿಂದೆ ಬರುವವರಿಗೆ ಕೈ ಅಡ್ಡ ಹಿಡಿಯುತ್ತಾನಲ್ಲ, ನೀವು ಮಾಡಿದ್ದೂ ಅದನ್ನೇ. ಆ ಕೆಲಸ ಮಾಡಬೇಕಾಗಿದ್ದವರು ಬೇರೆಯವರು, ಅವರು ಮಾಡಲಿಲ್ಲ. ನನಗೆ ಸಿಟ್ಟು ಬಂದದ್ದು ಅವರ ಮೇಲೆ.

ನೀವಿರುವ ದೇಶದ ನಿಯಮವನ್ನು ಓದಿದಾಗ ನನ್ನ ಕಣ್ಣು ಒಂದು ಕಡೆ ನಿಂತಿತು. ದೀಪ ಆರುವುದನ್ನು ಅದು ಅಪರಾಧ ಎನ್ನುವುದಿಲ್ಲ. ಬಲ್ಬು ಸುಡುತ್ತದೆ, ಸಿಡಿಲು ಬಡಿಯುತ್ತದೆ, ಕೇಬಲ್ ತುಂಡಾಗುತ್ತದೆ. ಗಾಳಿ ಜೋರಾಗಿದ್ದರೆ ಸಾವಿರ ಅಡಿ ಮೇಲಕ್ಕೆ ಮನುಷ್ಯನನ್ನು ಹತ್ತಿಸಲು ಆಗುವುದಿಲ್ಲ, ಹತ್ತಿಸಲೂಬಾರದು. ಇಳಿಸಿಟ್ಟಿದ್ದ ಹಳೆಯ ಕಾಲದ ದೀಪವೊಂದನ್ನು ನಾನು ಮುಟ್ಟಿ ನೋಡಿದ್ದೇನೆ. ಒಂದಡಿ ಅಗಲದ, ಒಳಗೆಲ್ಲ ಪದರ ಪದರವಾಗಿ ಗೆರೆ ಕೊರೆದ ದಪ್ಪ ಕೆಂಪು ಗಾಜು. ಅದರೊಳಗೆ ಒಂದರ ಮೇಲೊಂದು ಎರಡು ಬಲ್ಬು, ಒಂದೊಂದೂ 620 ವ್ಯಾಟಿನದು. ಎತ್ತಲು ಎರಡು ಕೈ ಬೇಕು. ಅದನ್ನು ಸರಿಮಾಡಲು ಸೊಂಟಕ್ಕೆ ಪಟ್ಟಿ ಬಿಗಿದು ಮೇಲೇರುವವನ ಕಷ್ಟ ಏನೆಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ಹಾಗಾಗಿ ರಿಪೇರಿಗೆ ಅವರು ಗಂಟೆ ನಿಮಿಷದ ಗಡುವು ಹಾಕಲಿಲ್ಲ, ಆದಷ್ಟು ಬೇಗ ಮಾಡಿ ಎಂದರು. ಗಡುವು ಹಾಕಿದ್ದು ಸುದ್ದಿ ಮುಟ್ಟಿಸುವುದಕ್ಕೆ.

ಟವರ್‌ನ ಮಾಲೀಕ 24 ಗಂಟೆಗೊಮ್ಮೆಯಾದರೂ ದೀಪವನ್ನು ಕಣ್ಣಾರೆ ನೋಡಬೇಕು, ಇಲ್ಲವೇ ದೀಪ ಕೆಟ್ಟ ಕೂಡಲೇ ಎಚ್ಚರಿಸುವ ಅಲಾರಂ ಇಡಬೇಕು. ತುದಿಯ ದೀಪವಾಗಲಿ, ಮಿನುಗುವ ಯಾವುದೇ ದೀಪವಾಗಲಿ ಕೆಟ್ಟು 30 ನಿಮಿಷದಲ್ಲಿ ಸರಿಹೋಗದಿದ್ದರೆ ವಿಮಾನಯಾನ ಆಡಳಿತವಾದ ಎಫ್‌ಎಎಗೆ ತಕ್ಷಣ ತಿಳಿಸಬೇಕು. ಅಲ್ಲಿಂದ ಪೈಲಟ್‌ಗಳಿಗೆ ‘ನೋಟಾಮ್’ ಎಂಬ ಎಚ್ಚರಿಕೆ ಹೊರಡುತ್ತದೆ. ಅದರ ಆಯುಸ್ಸು 15 ದಿನ. ಅಷ್ಟರೊಳಗೆ ದೀಪ ಸರಿಯಾಗದಿದ್ದರೆ ಮತ್ತೆ ಹೇಳಬೇಕು. ಯಾವ ದೀಪ ಎಂದು ಕೆಟ್ಟಿತು, ಎಂದು ಸರಿಯಾಯಿತು ಎಂಬ ಲೆಕ್ಕವನ್ನು ಎರಡು ವರ್ಷ ಕಾಪಾಡಬೇಕು. ಸುಮಾರು 61 ಮೀಟರ್, ಅಂದರೆ 200 ಅಡಿ ಮೀರಿದ ಟವರ್‌ಗಳಿಗೆಲ್ಲ ಸಾಮಾನ್ಯವಾಗಿ ಈ ಕಟ್ಟಳೆ ಅನ್ವಯಿಸುತ್ತದೆ.

ನಾಲ್ಕು ರಾತ್ರಿ ಯಾರೂ ತಲೆ ಎತ್ತಿ ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು. ದಂಡ ಬೀಳಬೇಕಾದದ್ದು ಇದಕ್ಕೆ.

ಇನ್ನು ‘ನಾವು ಬಾಡಿಗೆಗೆ ಇರುವವರು’ ಎಂಬ ಮಾತು. ಅರ್ಧ ಮಾತ್ರ ನಿಜ. ಮೊದಲು ಹೊಣೆಯೆಲ್ಲ ಪ್ರಸಾರದ ಪರವಾನಗಿ ಪಡೆದವರ ಮೇಲೆಯೇ ಇತ್ತು. 1992ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿ, ಪರವಾನಗಿ ಇಲ್ಲದ ಟವರ್ ಮಾಲೀಕರನ್ನೂ ಹಿಡಿತಕ್ಕೆ ತಂದಿತು. 1996ರಿಂದ ಇಂಥ ಎತ್ತರದ ಪ್ರತಿ ಟವರ್ ಸಂಪರ್ಕ ಆಯೋಗವಾದ ಎಫ್‌ಸಿಸಿಯಲ್ಲಿ ನೋಂದಣಿಯಾಗಬೇಕಾಯಿತು. ಬೇಲಿಯಲ್ಲಿ ನೀವು ಕಂಡ ಏಳು ಅಂಕಿ ಅದರದೇ. ಹಾಗಾಗಿ ಮೊದಲ ಹೊಣೆ ಮಾಲೀಕನದು, ಒಪ್ಪೋಣ. ಆದರೆ ಮಾಲೀಕ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಬಂದ ಮೇಲೆ ಬಾಡಿಗೆದಾರನೂ ಕೈಕಟ್ಟಿ ಕೂರುವಂತಿಲ್ಲ. ಮಾಲೀಕನಿಗೆ ತಿಳಿಸಬೇಕು, ಆಯೋಗಕ್ಕೆ ತಿಳಿಸಬೇಕು, ಟವರ್ ನಿಯಮಕ್ಕೆ ಬರುವಂತೆ ಪ್ರಯತ್ನಿಸಬೇಕು. ಅಂಥ ಅನುಮಾನಕ್ಕೆ ನಿಮ್ಮ ಫೋನ್ ಕರೆಯೇ ಸಾಕಿತ್ತು. ರಿಸೀವರ್ ಇಟ್ಟ ಗಳಿಗೆಯಿಂದ ಆ ಸಂಸ್ಥೆಯೂ ಹೊಣೆಯಲ್ಲಿ ಪಾಲುದಾರ.

ಜಿಪಿಎಸ್ ಇದೆಯಲ್ಲ ಎಂದಿದ್ದೀರಿ. ದೊಡ್ಡ ವಿಮಾನಗಳ ಮಟ್ಟಿಗೆ ಸರಿ, ಅವು ಹಾರುವ ಎತ್ತರಕ್ಕೆ ಟವರ್ ನಿಲುಕುವುದಿಲ್ಲ. ಆದರೆ ಅಪಘಾತದಲ್ಲಿ ನಜ್ಜುಗುಜ್ಜಾದವನನ್ನು ಕರೆದೊಯ್ಯಲು ನಡುರಾತ್ರಿ ಬರುವ ಆಂಬುಲೆನ್ಸ್ ಹೆಲಿಕಾಪ್ಟರ್? ಅದು ತಗ್ಗಿನಲ್ಲೇ ಹಾರುತ್ತದೆ, ಎಂದೂ ಇಳಿಯದ ಹೊಲದಲ್ಲಿ ಇಳಿಯುತ್ತದೆ. ಟವರ್ ಒಂದೇ ಆಗಿದ್ದರೂ ಒಂದು ಮಾತು. ಅದನ್ನು ನಿಲ್ಲಿಸಲು ಸುತ್ತಲೂ ಬಿಗಿದಿರುವ ತಂತಿಗಳು, ನಮ್ಮ ಲೈನ್‌ಮನ್‌ಗಳು ಸ್ಟೇ ವೈರ್ ಎನ್ನುವಂಥವು, ಬುಡದಿಂದ 1,500 ಅಡಿಯವರೆಗೂ ಚಾಚಿರಬಹುದು. ಇಂಥ ಟವರ್‌ಗಳಿಂದ ಕನಿಷ್ಠ 2,000 ಅಡಿ ದೂರ ಉಳಿಯಿರಿ ಎಂದು ಪೈಲಟ್‌ಗಳ ಕೈಪಿಡಿ ಹೇಳುವುದು ಇದಕ್ಕೇ. ತಂತಿ ಹಗಲಲ್ಲೇ ಕಾಣುವುದಿಲ್ಲ, ಅದಕ್ಕೆ ದೀಪ ಕಟ್ಟಲೂ ಆಗುವುದಿಲ್ಲ. ತುದಿಯ ಕೆಂಪು ದೀಪ ಆ ಎಲ್ಲ ತಂತಿಗಳ ಪರವಾಗಿಯೂ ಉರಿಯುತ್ತಿರುತ್ತದೆ.

2024ರ ಅಕ್ಟೋಬರ್ 20ರ ರಾತ್ರಿ ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಪುಟ್ಟ ಹೆಲಿಕಾಪ್ಟರೊಂದು ರೇಡಿಯೊ ಟವರ್‌ಗೆ ಬಡಿಯಿತು. ಒಂದು ಮಗು ಸೇರಿ ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಆ ಟವರ್‌ನ ದೀಪಗಳು ಉರಿಯದಿರಬಹುದು ಎಂಬ ಎಚ್ಚರಿಕೆ ಅದೇ ವಾರ ಪೈಲಟ್‌ಗಳಿಗೆ ಹೋಗಿತ್ತು. ದೀಪವೇ ಕಾರಣ ಎಂದು ನಾನು ಹೇಳುತ್ತಿಲ್ಲ, ಅಪಘಾತಕ್ಕೆ ನೂರು ಎಳೆಗಳಿರುತ್ತವೆ. ಆದರೆ ಎಚ್ಚರಿಕೆ ಕಳಿಸಿದ್ದೇವೆ, ಇನ್ನು ನಿಧಾನವಾಗಿ ರಿಪೇರಿ ಮಾಡಿದರಾಯಿತು ಎಂದುಕೊಳ್ಳುವ ಮಾಲೀಕರು ಆ ರಾತ್ರಿಯನ್ನು ಒಮ್ಮೆ ನೆನೆಯಲಿ. ಕಾಗದದ ಎಚ್ಚರಿಕೆ ಉರಿಯುವ ದೀಪಕ್ಕೆ ಸಮವಲ್ಲ.

ದಂಡದ ವಿಷಯ. ದೀಪದ ಮತ್ತು ಬಣ್ಣದ ನಿಯಮ ಮುರಿದವರಿಗೆ ಎಫ್‌ಸಿಸಿಯ ಮೂಲ ದಂಡ 10,000 ಡಾಲರ್. ತಪ್ಪು ಮತ್ತೆ ಮತ್ತೆ ನಡೆದರೆ ಏರುತ್ತದೆ, ಕೊಡುವ ಶಕ್ತಿ ಇಲ್ಲವೆಂದು ತೋರಿಸಿಕೊಟ್ಟರೆ ಇಳಿಯುತ್ತದೆ. ಸಾವಿರಾರು ಟವರ್‌ಗಳ ಕಂಪನಿಗೆ ಇದು ಯಾವ ಲೆಕ್ಕ, ಹಳ್ಳಿಯ ರೇಡಿಯೊ ನಿಲಯಕ್ಕೆ ಮಾತ್ರ ಹೊರೆ ಎನ್ನುವವರಿದ್ದಾರೆ. ಹೊರೆಯೆಂಬುದು ನಿಜ. ಆದರೂ ಸಣ್ಣವರೆಂಬ ಕಾರಣಕ್ಕೆ ವಿನಾಯಿತಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಸಂಜೆ ಮನೆಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಟವರ್ ಕಡೆ ನೋಡಿ, ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಬರೆಯುವುದಕ್ಕೆ ಬಂಡವಾಳ ಬೇಕಿಲ್ಲ. ದೊಡ್ಡ ಕಂಪನಿಗಳಿಗೆ ದಂಡವನ್ನು ಇನ್ನಷ್ಟು ಏರಿಸಬೇಕು ಎಂಬುದಕ್ಕೆ ಮಾತ್ರ ನನ್ನ ಪೂರ್ಣ ಸಹಮತವಿದೆ.

ಹಕ್ಕಿಗಳ ಪ್ರಶ್ನೆ ಕೇಳಿದ ನಿಮ್ಮ ನೆರೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಾಳಜಿ ಸುಳ್ಳಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ವರ್ಷಕ್ಕೆ ಸುಮಾರು 68 ಲಕ್ಷ ಹಕ್ಕಿಗಳು ಸಂಪರ್ಕ ಟವರ್‌ಗಳಿಂದ ಸಾಯುತ್ತವೆ ಎಂದು 2012ರ ಅಧ್ಯಯನವೊಂದು ಅಂದಾಜಿಸಿತ್ತು. ಹೆಚ್ಚಿನವು ರಾತ್ರಿ ವಲಸೆ ಹೋಗುವ ಪುಟ್ಟ ಹಾಡುಹಕ್ಕಿಗಳು. ಮೋಡ ಕೆಳಗಿಳಿದ ರಾತ್ರಿ ನಕ್ಷತ್ರ ಮರೆಯಾದಾಗ ಅವು ಟವರ್‌ನ ಬೆಳಕಿನ ವಲಯಕ್ಕೆ ಬಂದು, ಹೊರಗಿನ ಕತ್ತಲೆಗೆ ಹೋಗಲಾರದೆ ಸುತ್ತುತ್ತವೆ, ಸುತ್ತಿ ಸುತ್ತಿ ತಂತಿಗೆ ಬಡಿದು ಬೀಳುತ್ತವೆ. ಆದರೆ ಅವುಗಳನ್ನು ಹೀಗೆ ಕಟ್ಟಿಹಾಕುವುದು ಮುಖ್ಯವಾಗಿ ಎಡೆಬಿಡದೆ ಉರಿಯುವ ಕೆಂಪು ದೀಪ. ಮಿಚಿಗನ್ ರಾಜ್ಯದ ಟವರ್‌ಗಳ ಕೆಳಗೆ ಸತ್ತ ಹಕ್ಕಿಗಳನ್ನು ಎಣಿಸಿದವರು ಕಂಡದ್ದು ಇದು: ಮಿನುಗುವ ದೀಪ ಮಾತ್ರ ಇದ್ದ ಕಡೆ ಸಾವು ಅರ್ಧಕ್ಕಿಂತ ಕಡಿಮೆ. ಪೈಲಟ್‌ಗಳಿಗೂ ಮಿನುಗುವ ದೀಪ ಚೆನ್ನಾಗಿಯೇ ಕಾಣುತ್ತದೆಂದು ಪರೀಕ್ಷಿಸಿ ತಿಳಿದ ಎಫ್‌ಎಎ, 2015ರ ಡಿಸೆಂಬರ್‌ನಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಹೊಸ ಎತ್ತರದ ಟವರ್‌ಗಳಿಗೆ ಎಡೆಬಿಡದೆ ಉರಿಯುವ ಪಕ್ಕದ ದೀಪಗಳು ಬೇಡವೆಂದಿತು. ಹಳೆಯ ಟವರ್‌ನವರೂ ಅನುಮತಿ ಪಡೆದು ಅವನ್ನು ಆರಿಸಬಹುದು, ವಿದ್ಯುತ್ತೂ ಉಳಿಯುತ್ತದೆ. ನಿಮ್ಮ ನೆರೆಯವರು ಮಾಲೀಕನಿಗೆ ಪತ್ರ ಬರೆಯುವುದಾದರೆ ಇದನ್ನು ಕೇಳಲಿ. ಎಲ್ಲ ದೀಪ ಸತ್ತ ಟವರ್ ಹಕ್ಕಿಗೂ ಮನುಷ್ಯನಿಗೂ ಒಟ್ಟಿಗೆ ಒದಗುವ ಪರಿಹಾರವಲ್ಲ.

200 ಅಡಿಗಿಂತ ಸ್ವಲ್ಪವೇ ಗಿಡ್ಡದಾಗಿ ಕಟ್ಟಿ ನಿಯಮದಿಂದ ತಪ್ಪಿಸಿಕೊಳ್ಳುವ ಕಂಬಗಳೂ ಇವೆ. ಗಾಳಿಯ ವೇಗ ಅಳೆಯಲು ಹೊಲದ ನಡುವೆ ಕೆಲವೇ ಗಂಟೆಗಳಲ್ಲಿ ನಿಲ್ಲಿಸುವ ಇವು, ಬೆಳೆಗೆ ಔಷಧಿ ಸಿಂಪಡಿಸುವ ವಿಮಾನಗಳಿಗೆ ಯಮಪಾಶ. ಇವಕ್ಕೂ ಗುರುತು ಹಾಕಿಸಬೇಕೆಂದು 2016ರಲ್ಲಿ ಕಾನೂನು ಬಂತು. ಗೋಧಿ ಹೊಲಗಳ ನಡುವೆ ಇರುವ ನೀವು ಇವುಗಳ ಮೇಲೂ ಒಂದು ಕಣ್ಣಿಟ್ಟಿರಿ.

ಹಾವೇರಿಯಾಗಿದ್ದರೆ? ಭಾರತದಲ್ಲಿ ಎತ್ತರದ ಕಟ್ಟಡಗಳ ಕುರಿತ 2015ರ ನಿಯಮಗಳಿವೆ. ವಿಮಾನ ನಿಲ್ದಾಣ ಪ್ರಾಧಿಕಾರ ನೀಡುವ ನಿರಾಕ್ಷೇಪಣಾ ಪತ್ರದಲ್ಲಿ ಹಗಲಿಗೆ ಬಣ್ಣದ ಗುರುತು, ರಾತ್ರಿಗೆ ದೀಪ, ಆ ದೀಪಕ್ಕೆ ಪರ್ಯಾಯ ವಿದ್ಯುತ್ ಇರಬೇಕೆಂಬ ಷರತ್ತೂ ಇರುತ್ತದೆ. ಕರೆಂಟು ಹೋಗುವ ಊರುಗಳಿಗೆ ಈ ಕೊನೆಯದೇ ಮುಖ್ಯ. ದೀಪ ಆರಿದ್ದು ಕಂಡರೆ ಹುಬ್ಬಳ್ಳಿ ವಿಮಾನ ನಿಲ್ದಾಣದ ನಿರ್ದೇಶಕರ ಕಚೇರಿಗೆ ಊರು, ಸ್ಥಳ, ದಿನಾಂಕ ನಮೂದಿಸಿ ಲಿಖಿತವಾಗಿ ತಿಳಿಸಿ ಎಂದು ಅಲ್ಲಿನ ನಿಮ್ಮ ಬಂಧುಗಳಿಗೆ ಹೇಳುತ್ತೇನೆ. ನನ್ನ ಆಗ್ರಹ ಇನ್ನೊಂದಿದೆ: ನೀವು ಬೇಲಿಯ ಮೇಲೆ ಓದಿದಂಥ ಸಂಖ್ಯೆ, ಅದರ ಕೆಳಗೆ ಹಗಲುರಾತ್ರಿ ಎತ್ತುವ ಒಂದು ಫೋನ್ ನಂಬರು, ನಮ್ಮ ಪ್ರತಿ ಟವರ್‌ನ ಗೇಟಿಗೂ ದಪ್ಪ ಕನ್ನಡ ಅಕ್ಷರದಲ್ಲಿ ಬರಬೇಕು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನಿಗಿಂತ ಮೊದಲು ಆ ಕತ್ತಲೆಯನ್ನು ಕಾಣುವವರು ಯಾರಿದ್ದಾರೆ?

ನಿಮ್ಮ ಟವರ್‌ನ ದೀಪ ಮತ್ತೆ ಹತ್ತಿದ ದಿನ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ